ಸ್ಟಾರ್ ಟ್ರೆಕ್ 2009: ಧಾಟಿಯ ಜಗಳವನ್ನು ಬಿಡಿಸಿ ಓದುವ ಬಗೆ

ಬಾಹ್ಯಾಕಾಶ ಹಡಗೊಂದರ ಸಾಹಸಗಳ ಹಳೆಯ ಅಮೆರಿಕನ್ ಸರಣಿಗೆ ಹೊಸ ಸಿನಿಮಾವಾಗಿ ಜೆ. ಜೆ. ಅಬ್ರಾಮ್ಸ್ ನಿರ್ದೇಶನದ ಸ್ಟಾರ್ ಟ್ರೆಕ್ 2009ರ ಮೇ ತಿಂಗಳಲ್ಲಿ ತೆರೆಗೆ ಬಂದಾಗಿನಿಂದ ಅಭಿಮಾನಿಗಳ ನಡುವೆ ಒಂದು ವಾದ ನಿಂತೇ ಇಲ್ಲ. ಸಿನಿಮಾ ಚೆನ್ನಾಗಿದೆ, ಆದರೆ ಇದು ಸ್ಟಾರ್ ಟ್ರೆಕ್ ಅಲ್ಲ ಎಂಬುದು ಒಂದು ಕಡೆಯವರ ಮಾತು. ಮಲಗಿಹೋಗಿದ್ದ ಸರಣಿ ಎದ್ದು ಕೂತಿತಲ್ಲ, ಇನ್ನೇನು ಬೇಕು ಎಂಬುದು ಇನ್ನೊಂದು ಕಡೆಯವರದು. ಇಬ್ಬರೂ ಬಳಸುವ ಪದ ಒಂದೇ: 'ಟೋನ್', ನಮ್ಮ ಮಾತಿನಲ್ಲಿ ಧಾಟಿ. ಆ ಒಂದು ಪದದೊಳಗೆ ನಾಲ್ಕೈದು ಬೇರೆ ಬೇರೆ ದೂರುಗಳು ಕಲಸಿಹೋಗಿವೆ. ಅವನ್ನು ಬಿಡಿಸಿಕೊಳ್ಳುವುದು ಈ ಟಿಪ್ಪಣಿಯ ಕೆಲಸ. ಕಥೆಯ ತಿರುವುಗಳೆಲ್ಲ ಇಲ್ಲಿ ಬಯಲಾಗುತ್ತವೆ, ಹಾಗಾಗಿ ಸಿನಿಮಾ ನೋಡಿಕೊಂಡು ಓದುವುದು ಒಳ್ಳೆಯದು.

ಹಿನ್ನೆಲೆ, ಬೇಕಾದಷ್ಟೇ

ಜೀನ್ ರಾಡನ್‌ಬೆರಿ ಅವರ ಮೂಲ ಟಿವಿ ಸರಣಿ 1966ರಿಂದ 1969ರವರೆಗೆ ಎನ್‌ಬಿಸಿಯಲ್ಲಿ ಬಂತು. ಮೂರು ಸೀಸನ್, 79 ಕಂತು. ಮೊದಲ ಸಿನಿಮಾ 1979ರದು. 2002ರ 'ನೆಮೆಸಿಸ್' ಹೊತ್ತಿಗೆ ಸರಣಿ ಬಸವಳಿದಿತ್ತು. ಸುಮಾರು 6 ಕೋಟಿ ಡಾಲರ್ ಖರ್ಚಿನ ಆ ಸಿನಿಮಾ ಜಗತ್ತಿನಾದ್ಯಂತ ಗಳಿಸಿದ್ದು 6.7 ಕೋಟಿಯ ಆಸುಪಾಸು. ಆಗ ಬರುತ್ತಿದ್ದ ಹೊಸ ಟಿವಿ ಸರಣಿಯೂ 2005ರಲ್ಲಿ ನಿಂತಿತು. 2009ರ ಸಿನಿಮಾಕ್ಕೆ 15 ಕೋಟಿ ಡಾಲರ್ ಹಾಕಿ ಸುಮಾರು 38.5 ಕೋಟಿ ತೆಗೆದರು. ತಾನು ಮೊದಲಿನಿಂದ ಸ್ಟಾರ್ ಟ್ರೆಕ್ ಅಭಿಮಾನಿಯಲ್ಲ, ಅದು ತನಗೆ ಅತಿ ತಾತ್ವಿಕ ಅನ್ನಿಸುತ್ತಿತ್ತು ಎಂದು ಅಬ್ರಾಮ್ಸ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಳಬರ ಅನುಮಾನಕ್ಕೆ ಆ ಮಾತೂ ಗೊಬ್ಬರ ಹಾಕಿತು.

ಕಥೆಯ ಕೀಲು ಇಷ್ಟು: 2387ರಿಂದ ಹಿಂದಕ್ಕೆ ಬಂದ ನರಾಡಾ ಎಂಬ, ರೊಮ್ಯುಲನ್ ಎನ್ನುವ ಅನ್ಯಗ್ರಹದವರ ಹಡಗು 2233ರಲ್ಲಿ ಕೆಲ್ವಿನ್ ನೌಕೆಯನ್ನು ನಾಶಮಾಡುತ್ತದೆ. ಅಲ್ಲಿಂದ ಕಾಲ ಕವಲೊಡೆಯುತ್ತದೆ. ಹಳೆಯ ಕಥೆಗಳು ಅವುಗಳ ಕವಲಿನಲ್ಲಿ ಹಾಗೇ ಉಳಿದಿವೆ. ಆದ್ದರಿಂದ 'ಇತಿಹಾಸ ಅಳಿಸಿದರು' ಎಂಬ ದೂರು ಧಾಟಿಯ ದೂರಲ್ಲ. ಅದನ್ನು ಮೊದಲೇ ಪಕ್ಕಕ್ಕಿಡಬೇಕು.

ಧಾಟಿ ಬೇರೆ, ವಾತಾವರಣ ಬೇರೆ

ಊರಿನ ಒಂದೇ ಸುದ್ದಿಯನ್ನು ಸೋದರತ್ತೆ ಹೇಳುವುದಕ್ಕೂ ಪೊಲೀಸಿನವರು ಹೇಳುವುದಕ್ಕೂ ಅಂತರವಿದೆ. ಸುದ್ದಿ ಅದೇ, ಅದರ ಬಗ್ಗೆ ಹೇಳುವವರ ನಿಲುವು ಬೇರೆ. ಆ ನಿಲುವೇ ಧಾಟಿ. ಬೆಳಕು, ಬಣ್ಣ, ಕ್ಯಾಮೆರಾದ ಕುಲುಕಾಟ ಇವೆಲ್ಲ ವಾತಾವರಣ. ಅವು ಧಾಟಿಗೆ ನೆರವಾಗುತ್ತವೆ, ಆದರೆ ಅವೇ ಧಾಟಿಯಾಗುವುದಿಲ್ಲ.

ಈ ಸಿನಿಮಾದ ಮೇಲೆ ಬಂದ ದೊಡ್ಡ ತಕರಾರು ಲೆನ್ಸ್ ಫ್ಲೇರ್, ಅಂದರೆ ತೆರೆಯ ಅಡ್ಡಕ್ಕೆ ಮಿಂಚುವ ಬೆಳಕಿನ ಗೆರೆಗಳು. ಛಾಯಾಗ್ರಾಹಕ ಡ್ಯಾನ್ ಮಿಂಡೆಲ್ ತಂಡ ಚೌಕಟ್ಟಿನ ಹೊರಗಿನಿಂದ ಟಾರ್ಚ್ ಬೆಳಕನ್ನು ನೇರ ಲೆನ್ಸಿಗೆ ಹಿಡಿದು ಅವನ್ನು ಬೇಕೆಂದೇ ತರಿಸಿತು. ಅತಿಯಾಯಿತೆಂದು ಅಬ್ರಾಮ್ಸ್ ನಂತರ ಒಪ್ಪಿಕೊಂಡರು. ಕಣ್ಣಿಗೆ ಕಿರಿಕಿರಿ ಎನ್ನುವುದು ನ್ಯಾಯವಾದ ದೂರು. ಆದರೆ ಎಲ್ಲ ಫ್ಲೇರ್ ತೆಗೆದುಹಾಕಿದರೂ ಮುಂದೆ ಎಂಟರ್‌ಪ್ರೈಸ್ ಹಡಗಿನ ಕ್ಯಾಪ್ಟನ್ ಆಗುವ ಕರ್ಕ್ ಎಂಬ ಹುಡುಗನ ಬಗ್ಗೆ ಸಿನಿಮಾಕ್ಕಿರುವ ಸಲಿಗೆ ಕಡಿಮೆಯಾಗುವುದಿಲ್ಲ.

'ಮೂಲ ಗಂಭೀರವಾಗಿತ್ತು' ಎಂಬ ತಪ್ಪು

ಕಲಿಯುವವರು ಹೆಚ್ಚು ಎಡವುವುದು ಇಲ್ಲಿ. 1967ರ ಏಪ್ರಿಲ್‌ನಲ್ಲಿ ಬಂದ 'ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್' ಕಂತಿನಲ್ಲಿ ಕರ್ಕ್ ತಾನು ಪ್ರೀತಿಸಿದ ಹೆಣ್ಣು ಕಣ್ಣೆದುರೇ ಸಾಯಲು ಬಿಡಬೇಕಾಗುತ್ತದೆ. ಅದೇ ವರ್ಷ ಡಿಸೆಂಬರ್‌ನ 'ದ ಟ್ರಬಲ್ ವಿತ್ ಟ್ರಿಬಲ್ಸ್'ನಲ್ಲಿ ಅದೇ ಕರ್ಕ್ ತಲೆಯ ಮೇಲೆ ಧಾನ್ಯದ ಉಗ್ರಾಣದಿಂದ ತುಪ್ಪಳದ ಉಂಡೆಗಳು ಸುರಿಯುತ್ತವೆ. 1982ರ 'ದ ರಾತ್ ಆಫ್ ಖಾನ್'ಗೆ ನಿಕೊಲಸ್ ಮೇಯರ್ ಹಡಗುಪಡೆಯ ಕಥೆಯ ಗತ್ತು ತಂದರು. 1986ರ ಸಿನಿಮಾ ತಿಮಿಂಗಿಲ ಹುಡುಕುವ ನಗೆಪ್ರಸಂಗ. ಹಾಸ್ಯ, ಕರುಣ, ವೀರ ಮೂರೂ ಮೊದಲಿನಿಂದ ಇದ್ದವು. ಹೊಸದರಲ್ಲಿ ನಗು ಜಾಸ್ತಿ ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಬದಲಾದದ್ದೇನು? ಈ ಟಿಪ್ಪಣಿಯ ವಾದ ಇದು: ಬದಲಾದದ್ದು ಸಮಾಲೋಚನೆಗೆ ಸಿಗುವ ಹೊತ್ತು. ಹಳೆಯ ಸರಣಿಯಲ್ಲಿ ಪ್ರಶ್ನೆ ಎದ್ದರೆ ತರ್ಕವನ್ನೇ ನಂಬುವ ಅಧಿಕಾರಿ ಸ್ಪಾಕ್ ಒಂದು ಹೇಳುತ್ತಾನೆ, ಹಡಗಿನ ವೈದ್ಯ ಮಕ್ಕಾಯ್ ಅದಕ್ಕೆ ಎದುರಾಡುತ್ತಾನೆ, ಕರ್ಕ್ ಇಬ್ಬರನ್ನೂ ಕೇಳಿಸಿಕೊಂಡು ತೀರ್ಮಾನ ಮಾಡುತ್ತಾನೆ. 2009ರಲ್ಲಿ ಪ್ರಶ್ನೆಗಳು ಏಳುತ್ತವೆ, ಒಳ್ಳೆಯ ಪ್ರಶ್ನೆಗಳೇ, ಆದರೆ ಅವುಗಳ ಮಾತು ಮುಗಿಯುವುದಿಲ್ಲ.

ಕೊಬಯಾಶಿ ಮಾರು ಪರೀಕ್ಷೆಯನ್ನೇ ಹತ್ತಿರದಿಂದ ನೋಡಿ. ಅದು ಹಡಗಿನ ನಾಯಕರಾಗಲು ಕಲಿಯುವವರಿಗೆ ಒಡ್ಡುವ, ಗೆಲ್ಲಲಾಗದ ಪರೀಕ್ಷೆ. 1982ರ ಸಿನಿಮಾ ಶುರುವಾಗುವುದೇ ಅದರಿಂದ. ನಮಗೆ ಅದು ಪರೀಕ್ಷೆಯೆಂದು ಗೊತ್ತಿರುವುದಿಲ್ಲ. ಸಿಬ್ಬಂದಿ ಒಬ್ಬೊಬ್ಬರೇ ಉರುಳುತ್ತಾರೆ, ಆಮೇಲೆ ಗೋಡೆ ಸರಿದು, ಹೊಗೆಯೊಳಗಿಂದ ಕರ್ಕ್ ನಡೆದು ಬರುತ್ತಾನೆ. ತಾನು ಹಿಂದೆ ಮೋಸದಿಂದ ಗೆದ್ದದ್ದು ಎಂದು ಆತ ಹೇಳಿಕೊಳ್ಳುವುದು ಬಹಳ ಹೊತ್ತಿನ ನಂತರ. ಆ ಮೋಸದ ಲೆಕ್ಕ ಚುಕ್ತಾ ಆಗುವುದು ಸ್ಪಾಕ್ ಸತ್ತಾಗ. 2009ರಲ್ಲಿ ಕರ್ಕ್ ಸೇಬು ಕಚ್ಚುತ್ತಾ ಆರಾಮಾಗಿ ಕೂತು ಅದೇ ಪರೀಕ್ಷೆ ಗೆಲ್ಲುತ್ತಾನೆ. ಆ ಸೇಬು ಸುಮ್ಮನೆ ಬಂದದ್ದಲ್ಲ, 1982ರಲ್ಲೂ ಮೋಸ ಒಪ್ಪಿಕೊಳ್ಳುವ ಗುಹೆಯ ದೃಶ್ಯದಲ್ಲಿ ಕರ್ಕ್ ಕೈಯಲ್ಲಿ ಸೇಬಿದೆ. ವಸ್ತು ಅದೇ, ನಿಲುವು ಬೇರೆ. ಆಮೇಲೆ ವಿಚಾರಣೆ. ಗೆಲ್ಲಲಾಗದ ಪರೀಕ್ಷೆಯೇ ಮೋಸವಲ್ಲವೇ ಎಂದು ಕರ್ಕ್ ಕೇಳುತ್ತಾನೆ. ಭಯವನ್ನು ಅನುಭವಿಸಿ, ಒಪ್ಪಿಕೊಂಡು, ತನ್ನನ್ನೂ ತನ್ನವರನ್ನೂ ಹಿಡಿತದಲ್ಲಿಟ್ಟುಕೊಳ್ಳುವುದೇ ಇದರ ಉದ್ದೇಶ ಎಂದು ಸ್ಪಾಕ್ ಉತ್ತರಿಸುತ್ತಾನೆ. ಇಡೀ ಸಿನಿಮಾದ ಅತ್ಯಂತ ಟ್ರೆಕ್‌ತನದ ಕ್ಷಣ ಅದು. ಅಷ್ಟರಲ್ಲಿ ಸ್ಪಾಕ್‌ನ ತವರಾದ ವಲ್ಕನ್ ಗ್ರಹದಿಂದ ಅಪಾಯದ ಕರೆ ಬರುತ್ತದೆ, ಸಭೆ ಚದುರುತ್ತದೆ. ತೀರ್ಪು ಕೊನೆಗೂ ಬರುವುದಿಲ್ಲ.

ಇದೇ ಕ್ರಮ ಮತ್ತೆ ಕಾಣಿಸುತ್ತದೆ. ವಲ್ಕನ್ ನಾಶವಾದ ಮೇಲೆ ಪಡೆಯನ್ನು ಕೂಡಿಕೊಳ್ಳೋಣ ಎನ್ನುತ್ತಾನೆ ಸ್ಪಾಕ್, ಈಗಲೇ ಬೆನ್ನಟ್ಟೋಣ ಎನ್ನುತ್ತಾನೆ ಕರ್ಕ್. ಎರಡೂ ಕಡೆ ನ್ಯಾಯವಿದೆ. ವಾದ ಮುಗಿಯುವುದು ಸ್ಪಾಕ್ ಕರ್ಕ್‌ನ ಕುತ್ತಿಗೆ ಚಿವುಟಿ ಪ್ರಜ್ಞೆ ತಪ್ಪಿಸಿ ಹಿಮಗ್ರಹಕ್ಕೆ ಎಸೆಯುವುದರಿಂದ. ಕೊನೆಯಲ್ಲಿ ಸೋತ ನರಾಡಾ ನಾಯಕ ನೀರೋಗೆ ಕರ್ಕ್ ನೆರವು ನೀಡಲು ಮುಂದಾಗುತ್ತಾನೆ. ಸ್ಪಾಕ್ ಅದನ್ನು ಪ್ರಶ್ನಿಸುತ್ತಾನೆ, ಕರುಣೆಯಿಂದ ರೊಮ್ಯುಲನ್ನರ ಜೊತೆ ಶಾಂತಿ ಸಿಗಬಹುದು ಎನ್ನುತ್ತಾನೆ ಕರ್ಕ್. ಹಳೆಯ ಸರಣಿಯಲ್ಲಿ ಇಡೀ ಕಂತಿಗಾಗುವಷ್ಟು ವಸ್ತು. ಇಲ್ಲಿ ಕೆಲವೇ ಸೆಕೆಂಡು, ನೀರೋ ಬೇಡವೆಂದ ಕೂಡಲೇ ಗುಂಡಿನ ಮಳೆ. ಟ್ರೆಕ್‌ನ ಮೌಲ್ಯ ಇಲ್ಲವೇ ಇಲ್ಲ ಎನ್ನುವವರೂ, ಇದೆಯಲ್ಲ ಎನ್ನುವವರೂ ಈ ಒಂದೇ ದೃಶ್ಯವನ್ನು ತೋರಿಸುತ್ತಾರೆ. ಮೌಲ್ಯ ಇದೆ, ಅದು ಕೂತು ಮಾತಾಡಲು ಜಾಗ ಇಲ್ಲ.

ರಸಗಳ ಘರ್ಷಣೆ ಎಲ್ಲಿ?

ನಗುವಿನ ದೂರನ್ನು ಪರೀಕ್ಷಿಸಲು ನಮ್ಮ ಕೈಯಲ್ಲೇ ಒಳ್ಳೆಯ ಸಾಧನವಿದೆ. ಒಂದು ಕೃತಿಗೆ ಒಂದು ಪ್ರಧಾನ ರಸ ಇರಬೇಕು, ಒಂದಕ್ಕೊಂದು ಹೊಂದದ ರಸಗಳ ನಡುವೆ ಬೇರೊಂದು ರಸ ತಂದು ಸಂಧಿಸಬೇಕು ಎಂದು ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ, ಅಂದರೆ ಅಧ್ಯಾಯದಲ್ಲಿ, ಹೇಳುತ್ತಾನೆ. ನಾಗಾನಂದ ನಾಟಕದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತ ಬರುವುದನ್ನು ಉದಾಹರಿಸುತ್ತಾನೆ.

ಕೆಲ್ವಿನ್ ನಾಶದ ಆರಂಭವನ್ನು ತಗೊಳ್ಳಿ. ಹಡಗಿನ ಗೋಡೆ ಒಡೆದು ಒಬ್ಬಾಕೆ ಹೊರಗೆ ಎಳೆಯಲ್ಪಟ್ಟ ಕ್ಷಣ, ಅಬ್ಬರವೆಲ್ಲ ಕತ್ತರಿಸಿದಂತೆ ನಿಂತು ಶೂನ್ಯದ ಮೌನ ಬರುತ್ತದೆ. ಆಮೇಲೆ ಕರ್ಕ್‌ನ ತಂದೆ ಜಾರ್ಜ್ ಕರ್ಕ್ ಸಾವು, ಮಗು ಕರ್ಕ್‌ನ ಹುಟ್ಟು, ಸ್ಫೋಟಗಳ ಸದ್ದು ತಗ್ಗಿಸಿ ಮೈಕೆಲ್ ಜಕೀನೋ ಸಂಗೀತವೊಂದೇ. ಅದಾದ ಮೇಲೆ ಹುಡುಗ ಕರ್ಕ್ ಜೋರು ಹಾಡು ಹಾಕಿಕೊಂಡು ಕಾರು ಓಡಿಸುತ್ತಾನೆ. ಕರುಣದಿಂದ ಈ ಹುಡುಗಾಟಕ್ಕೆ ನೇರ ಜಿಗಿದಿಲ್ಲ, ನಡುವೆ ಶೀರ್ಷಿಕೆ ಮತ್ತು ಅದರ ಸಂಗೀತ ಸೇತುವೆಯಾಗಿದೆ. ಲಸಿಕೆಯಿಂದ ಕರ್ಕ್‌ನ ಕೈಗಳು ಬಲೂನಿನಂತೆ ಊದಿಕೊಳ್ಳುವ ಪ್ರಸಂಗವೂ ಹಾಗೆಯೇ. ಅದು ವಲ್ಕನ್ ದುರಂತವನ್ನು ಹಗುರ ಮಾಡಿತು ಎನ್ನುತ್ತಾರೆ. ಆದರೆ ಎರಡರ ನಡುವೆ ಆಕಾಶದಿಂದ ಧುಮುಕಿ ಕೊರೆಯುವ ಯಂತ್ರದ ಮೇಲೆ ಹೋರಾಡುವ ದೀರ್ಘ ವೀರ ಪ್ರಸಂಗವಿದೆ. ಈ ದೂರು ನಿಲ್ಲುವುದಿಲ್ಲ.

ನಿಲ್ಲುವ ದೂರು ಬೇರೆ ಕಡೆ ಇದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಹಡಗಿನ ಇಂಜಿನಿಯರ್ ಸ್ಕಾಟಿ ನೀರಿನ ಕೊಳವೆಯೊಳಗೆ ಸಿಕ್ಕಿ ಗಿರಗಿರ ಸಾಗುವ ಪ್ರಸಂಗ ಶುದ್ಧ ಹಾಸ್ಯ. ಅದಾದ ಬೆನ್ನಿಗೇ ಕರ್ಕ್ ಹಡಗಿನ ನಿಯಂತ್ರಣ ಕೊಠಡಿಗೆ ಬಂದು, ತಾಯಿಯನ್ನು ಆಗಷ್ಟೇ ಕಳೆದುಕೊಂಡ ಸ್ಪಾಕ್‌ಗೆ 'ನೀನು ಅವಳನ್ನು ಪ್ರೀತಿಸಲೇ ಇಲ್ಲ' ಎಂಬರ್ಥದ ಮಾತಿನಿಂದ ಚುಚ್ಚುತ್ತಾನೆ. ಆರು ನೂರು ಕೋಟಿ ಜನ ಸತ್ತ ನೋವು ಒಬ್ಬನ ಮೈಯಲ್ಲಿ ಒಡೆದು ಹೊರಬರುವ ಜಾಗ ಅದು. ನಡುವೆ ಸೇತುವೆಯಾಗಿ ಏನೂ ಇಲ್ಲ, ಕಾವಲುಗಾರರು ಹಿಡಿದುಕೊಂಡು ಬರುವ ಒಂದು ತುಣುಕು ಬಿಟ್ಟರೆ. ಸಂಕಲನದ ಲೆಕ್ಕದಲ್ಲಿ ಸಿನಿಮಾ ನಿಜವಾಗಿ ಮುಗ್ಗರಿಸುವುದು ಇಲ್ಲಿ.

ಅಳೆಯುವ ವಿಧಾನ

ಕಾಗದದ ಮೇಲೆ ಮೂರು ಕಾಲಂ ಹಾಕಿ: ಪ್ರಶ್ನೆ ಎದ್ದ ಸಮಯ, ಅದರ ಮೇಲೆ ಮಾತಾಡಿದವರ ಸಂಖ್ಯೆ, ಅದು ಮುಗಿದದ್ದು ಹೇಗೆ. ಮೂರನೆಯ ಕಾಲಂನಲ್ಲಿ ಒಪ್ಪಿಗೆ, ಆದೇಶ, ಅಡ್ಡಿ, ಏಟು ಈ ನಾಲ್ಕರಲ್ಲಿ ಒಂದನ್ನು ಬರೆದರೆ ಸಾಕು. ಹೆಚ್ಚು ವಿಂಗಡಣೆ ಮಾಡಿಕೊಂಡರೆ ಕೊನೆಗೆ ಎಣಿಸಲಾಗುವುದಿಲ್ಲ. ಸಿನಿಮಾವನ್ನು ಮೊದಲು ಮಾಮೂಲಿಯಾಗಿ ನೋಡಿ, ಎರಡನೆಯ ಬಾರಿ ನಿಲ್ಲಿಸಿ ನಿಲ್ಲಿಸಿ ಗುರುತು ಹಾಕಿ.

ವೇಗಕ್ಕೆ ಶಾಟ್ ಎಣಿಕೆ; ಶಾಟ್ ಅಂದರೆ ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ಚಿತ್ರ. 2 ನಿಮಿಷದ ತುಣುಕು ಆಯ್ದು ಶಾಟ್‌ಗಳನ್ನು ಎಣಿಸಿ, 120ನ್ನು ಆ ಸಂಖ್ಯೆಯಿಂದ ಭಾಗಿಸಿ. 40 ಶಾಟ್ ಇದ್ದರೆ ಸರಾಸರಿ 3 ಸೆಕೆಂಡು. ಒಂದು ಸಿನಿಮಾದಿಂದ ಯುದ್ಧ, ಇನ್ನೊಂದರಿಂದ ಊಟದ ಮೇಜಿನ ಮಾತು ತಗೊಂಡು ಹೋಲಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ, ಮಾತಿಗೆ ಮಾತು, ಯುದ್ಧಕ್ಕೆ ಯುದ್ಧ ಇರಲಿ. ಟಿವಿ ಕಂತನ್ನು ಸಿನಿಮಾದ ಜೊತೆಗೆ ತೂಗುವುದೂ ತಪ್ಪು: ಸೆಟ್ ಕಡಿಮೆ, ದುಡ್ಡು ಕಡಿಮೆ, ಹಾಗಾಗಿ ಟಿವಿಯಲ್ಲಿ ಮಾತು ಹೆಚ್ಚಾಗುವುದು ಸಹಜ. ಸಿನಿಮಾವನ್ನು 1979, 1982ರ ಸಿನಿಮಾಗಳ ಜೊತೆಗೇ ಇಡಿ.

ಟ್ರೈಲರ್ ನೋಡಿ ಧಾಟಿ ತೀರ್ಮಾನಿಸಲೇಬೇಡಿ. 2016ರ 'ಬಿಯಾಂಡ್'ನ ಮೊದಲ ಟ್ರೈಲರ್ ಬೈಕು, ಜಿಗಿತ, ಜೋರು ಹಾಡು ತೋರಿಸಿ ಹಳಬರನ್ನು ಕೆರಳಿಸಿತು. ಜಸ್ಟಿನ್ ಲಿನ್ ನಿರ್ದೇಶಿಸಿದ, ಸೈಮನ್ ಪೆಗ್ ಮತ್ತು ಡಗ್ ಜಂಗ್ ಬರೆದ ಆ ಸಿನಿಮಾದಲ್ಲಿ ಗಾಯಗೊಂಡ ಸ್ಪಾಕ್ ಮತ್ತು ಮಕ್ಕಾಯ್ ಇಬ್ಬರೇ ಕೂತು ಮಾತಾಡುವ ದೃಶ್ಯಗಳಿವೆ. ಅಲ್ಲಿ ನಗು ಬರುವುದು ಪಾತ್ರಗಳ ಸ್ವಭಾವದಿಂದ, ಊದಿದ ಕೈಯಿಂದಲ್ಲ. 2009, 2013, 2016ರ ಹೊಸ ಮೂರು ಸಿನಿಮಾಗಳಲ್ಲಿ ಹಳೆಯ ಧಾಟಿಗೆ ಹತ್ತಿರವಾದದ್ದು ಇದೇ.

2013ರ 'ಇಂಟು ಡಾರ್ಕ್‌ನೆಸ್' ಈ ಟಿಪ್ಪಣಿಯ ವಾದಕ್ಕೇ ಒಂದು ಸವಾಲು. ಅಲ್ಲಿ ಸಮಾಲೋಚನೆ ಇದೆ: ವಿಚಾರಣೆಯಿಲ್ಲದೆ ಒಬ್ಬನನ್ನು ಕೊಲ್ಲಬಹುದೇ ಎಂದು ಸ್ಪಾಕ್ ಕೇಳುತ್ತಾನೆ, 72 ಟಾರ್ಪಿಡೋಗಳನ್ನು ಹಡಗಿಗೆ ಏರಿಸಲು ಒಪ್ಪದೆ ಸ್ಕಾಟಿ ರಾಜೀನಾಮೆ ಕೊಡುತ್ತಾನೆ, ಕರ್ಕ್ ಮನಸ್ಸು ಬದಲಿಸುತ್ತಾನೆ. ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಸೇರಿದ ಅಭಿಮಾನಿಗಳು ಅದನ್ನು ಸರಣಿಯ ಪಟ್ಟಿಯಲ್ಲಿ ತೀರಾ ಕೆಳಗಿಟ್ಟರು. ಕಾರಣ ಕೊನೆಯಲ್ಲಿದೆ. 1982ರ ಸಾವಿನ ದೃಶ್ಯವನ್ನು ತಿರುಗಿಸಿ, ಈ ಬಾರಿ ಕರ್ಕ್ ಗಾಜಿನ ಒಳಗೆ, ಸ್ಪಾಕ್ ಹೊರಗೆ ಎಂದು ಮಾಡಿದರು. 1982ರಲ್ಲಿ ಸತ್ತ ಸ್ಪಾಕ್‌ಗಾಗಿ ಪ್ರೇಕ್ಷಕರು 1984ರವರೆಗೆ ಕಾಯಬೇಕಾಯಿತು. 2013ರಲ್ಲಿ ಖಳನಾಯಕ ಖಾನ್‌ನ ರಕ್ತದಿಂದ ಕರ್ಕ್ ಅದೇ ಸಿನಿಮಾ ಮುಗಿಯುವ ಮೊದಲೇ ಎದ್ದು ಕೂರುತ್ತಾನೆ. ಅಂದರೆ ಹೊತ್ತಿನ ಲೆಕ್ಕ ನಿರ್ಧಾರದ ಮುಂಚೆ ಮಾತ್ರವಲ್ಲ, ಪರಿಣಾಮದ ನಂತರಕ್ಕೂ ಹಾಕಬೇಕು. ಮೇಲಿನ ಕಾಗದಕ್ಕೆ ನಾಲ್ಕನೆಯ ಕಾಲಂ ಸೇರಿಸಿ: ನಷ್ಟ ಎಷ್ಟು ಹೊತ್ತು ನಷ್ಟವಾಗಿ ಉಳಿಯಿತು.

ಅಭ್ಯಾಸಕ್ಕೆ ಒಂದು ಜೋಡಿ. 1979ರ ಸಿನಿಮಾದಲ್ಲಿ ಸ್ಕಾಟಿ ಸಣ್ಣ ವಾಹನದಲ್ಲಿ ಕರ್ಕ್‌ನನ್ನು ಕೂರಿಸಿಕೊಂಡು ಎಂಟರ್‌ಪ್ರೈಸ್ ಹಡಗಿನ ಸುತ್ತ ಒಯ್ಯುತ್ತಾನೆ. ಸುಮಾರು ಐದು ನಿಮಿಷ, ಮಾತು ಬಹುತೇಕ ಇಲ್ಲ, ಜೆರಿ ಗೋಲ್ಡ್‌ಸ್ಮಿತ್ ಸಂಗೀತ ಮಾತ್ರ. 2009ರಲ್ಲಿ ಮಕ್ಕಾಯ್ ಜೊತೆ ಕರ್ಕ್ ಅದೇ ಹೆಸರಿನ ಹಡಗನ್ನು ಕಿಟಕಿಯಿಂದ ನೋಡುತ್ತಾನೆ, ಒಂದು ನಿಮಿಷವೂ ಇಲ್ಲ. ಎರಡನ್ನೂ ಒಮ್ಮೆ ಧ್ವನಿ ಮುಚ್ಚಿ, ಒಮ್ಮೆ ಚಿತ್ರ ನೋಡದೆ ಬರೀ ಕೇಳಿ. ಪ್ರತಿ ಶಾಟ್‌ನಲ್ಲಿ ಕಾಣುವುದು ಹಡಗೋ, ಹಡಗು ನೋಡುವ ಮುಖವೋ ಎಂದು ಎರಡು ಸಾಲಿನಲ್ಲಿ ಗುರುತು ಹಾಕುತ್ತಾ ಹೋಗಿ. ಅದ್ಭುತ ರಸವನ್ನು ಯಾವ ಸಿನಿಮಾ ವಸ್ತುವಿನಲ್ಲಿ ಇಟ್ಟಿದೆ, ಯಾವುದು ಮುಖದಲ್ಲಿ ಇಟ್ಟಿದೆ ಎಂಬುದು ಆ ಎಣಿಕೆಯಲ್ಲೇ ಕಾಣುತ್ತದೆ.