ಫೋನ್ ಇದ್ದರೆ ಸಾಲದು, ಮಾತಾಡಲು ಒಂದು ಮೂಲೆಯೂ ಬೇಕು

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ನಮ್ಮ ಕೌನ್ಸೆಲಿಂಗ್ ಪೂರ್ತಿ ಫೋನಿಗೆ ಬಂತು. ಹದಿಹರೆಯದವರು ಕಾಲ್ ಎತ್ತಿದರೆ, 'ಹೇಗಿದ್ದೀಯ' ಅಂತ ಕೇಳುವ ಮೊದಲು 'ಈಗ ಪಕ್ಕದಲ್ಲಿ ಯಾರಿದ್ದಾರೆ' ಅಂತ ಕೇಳಬೇಕಿತ್ತು. ಎರಡು ಕೋಣೆಯ ಮನೆ, ಐದು ಜನ. ಅಪ್ಪನಿಗೆ ಕೆಲಸವಿಲ್ಲ, ಟಿವಿ ಓಡುತ್ತಿದೆ, ಅಜ್ಜಿ ಅಲ್ಲೇ ಮಲಗಿದ್ದಾರೆ. ಅಂಥ ಮನೆಯ ಹುಡುಗಿ 'ನನಗೆ ಬದುಕೋಕೆ ಇಷ್ಟ ಇಲ್ಲ' ಅಂತ ಎಲ್ಲಿ ನಿಂತು ಹೇಳಬೇಕು?

ಮಕ್ಕಳ ಮನಸ್ಸಿಗೆ ಡಿಜಿಟಲ್ ನೆರವು ಅಂದ ಕೂಡಲೇ ನಾವು ಆ್ಯಪ್, ನೆಟ್‌ವರ್ಕ್, ಡೇಟಾ ಅಂತ ಮಾತಾಡುತ್ತೇವೆ. ನನ್ನ ಅನುಭವದಲ್ಲಿ ಅದಕ್ಕಿಂತ ಮುಖ್ಯವಾದದ್ದು ಎರಡು. ಮಗುವಿಗೆ ಯಾರ ಕಿವಿಗೂ ಬೀಳದೆ ಮಾತಾಡಲು ಜಾಗ ಇರಬೇಕು. ಆಚೆ ಕಡೆ ಒಬ್ಬ ಮನುಷ್ಯ ಇರಬೇಕು. ಆಮೇಲೆ ಬಂದ ಅಧ್ಯಯನಗಳನ್ನು ನಾನು ಓದುವುದೂ ಇವೆರಡನ್ನು ಮನಸ್ಸಲ್ಲಿಟ್ಟುಕೊಂಡೇ.

ಅವುಗಳಲ್ಲಿ ಜಾಸ್ತಿ ಪ್ರಸ್ತಾಪವಾಗುವುದು 2021ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಅನ್ನುವ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಬೇರೆ ಬೇರೆ ದೇಶಗಳ 29 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆ ಅದು. ಸುಮಾರು 81 ಸಾವಿರ ಮಕ್ಕಳು, ಹದಿಹರೆಯದವರು ಅದರಲ್ಲಿದ್ದರು. ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣ ಕಂಡಿತು. ಕೋವಿಡ್‌ಗೆ ಮೊದಲಿನ ಅಂದಾಜಿಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ದುಪ್ಪಟ್ಟು. ಆದರೆ ಇವು ಪ್ರಶ್ನಾವಳಿಗೆ ಕೊಟ್ಟ ಉತ್ತರದಿಂದ ಬಂದ ಅಂಕಿಗಳು. ವೈದ್ಯರು ಎದುರಿಗೆ ಕೂರಿಸಿಕೊಂಡು ಗುರುತಿಸಿದ ಕಾಯಿಲೆಯಲ್ಲ. ಎರಡು ವಾರ ಮನಸ್ಸು ಕುಗ್ಗಿದ್ದವರೂ, ಚಿಕಿತ್ಸೆ ಬೇಕೇಬೇಕಾದವರೂ ಒಂದೇ ಲೆಕ್ಕದಲ್ಲಿ ಸೇರಿರುತ್ತಾರೆ. ಸಂಕಟ ಸುಳ್ಳು ಅಂತ ಇದರ ಅರ್ಥವಲ್ಲ. ನಾಲ್ವರಲ್ಲಿ ಒಬ್ಬರಿಗೆ ಮಾತ್ರೆ ಬೇಕು ಅಂತಲೂ ಅಲ್ಲ.

ಇನ್ನೊಂದು ವಿಷಯ ಅಷ್ಟಾಗಿ ಚರ್ಚೆಯಾಗಲಿಲ್ಲ. ಇಂಗ್ಲೆಂಡಿನ ಆಕ್ಸ್‌ವೆಲ್ ಸಮೀಕ್ಷೆಯಲ್ಲಿ ಸುಮಾರು 17 ಸಾವಿರ ವಿದ್ಯಾರ್ಥಿಗಳನ್ನು ಕೇಳಿದರು. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಮೊದಲ ಲಾಕ್‌ಡೌನಿನಲ್ಲಿ ತಮ್ಮ ಮನಸ್ಸು ಸುಧಾರಿಸಿತು ಅಂದರು. ಇದು ನನಗೆ ಆಶ್ಚರ್ಯ ಅನಿಸಲಿಲ್ಲ. ಕ್ಲಾಸಿನಲ್ಲಿ ಗೇಲಿಗೆ ಸಿಕ್ಕವರು, ಎದ್ದು ನಿಂತು ಉತ್ತರ ಹೇಳಲು ಬೆವರುವವರು, ಆಗ ನಿಜಕ್ಕೂ ಉಸಿರು ಬಿಟ್ಟರು. ಅವರಿಗೆ ಕಷ್ಟ ಬಂದದ್ದು ಶಾಲೆ ತೆರೆದ ಮೇಲೆ. ಬೆಳಿಗ್ಗೆ ಹೊಟ್ಟೆನೋವು, ಯೂನಿಫಾರ್ಮ್ ಕಂಡರೆ ಅಳು. ಮನೆಯವರು ಅದನ್ನು ಸೋಮಾರಿತನ ಅಂದುಕೊಂಡರು.

ಇಂಥ ಸಮೀಕ್ಷೆಗಳಲ್ಲಿ ಯಾರು ಬಿಟ್ಟುಹೋದರು ಅನ್ನುವುದನ್ನೂ ನೋಡಬೇಕು, ಅಲ್ವಾ? ಆ ಕಾಲದಲ್ಲಿ ಎಷ್ಟೋ ಸಮೀಕ್ಷೆ ನಡೆದದ್ದು ಆನ್‌ಲೈನಿನಲ್ಲಿ. ನಮ್ಮ ಹಳ್ಳಿಗಳ ಸ್ಥಿತಿ, ಗ್ರಾಮೀಣ ಮಕ್ಕಳ ಶಿಕ್ಷಣದ ಸಮೀಕ್ಷೆಯಾದ 'ಅಸರ್'ನ 2021ರ ವರದಿಯಲ್ಲಿದೆ. ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳಲ್ಲಿ ಶೇ. 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಫೋನ್ ಇದ್ದ ಮನೆಗಳಲ್ಲೂ ಕಾಲು ಭಾಗದಷ್ಟು ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ. ಅಪ್ಪ ಕೆಲಸಕ್ಕೆ ಹೊರಟರೆ ಫೋನೂ ಹೊರಟಿತು. ಸಂಜೆ ವಾಪಸ್ ಬಂದರೆ ಮೊದಲು ಅಣ್ಣನಿಗೆ, ಆಮೇಲೆ ತಂಗಿಗೆ. ತಂಗಿಯ ಸರದಿ ಬರುವ ಹೊತ್ತಿಗೆ ಚಾರ್ಜ್ ಮುಗಿದಿರುತ್ತಿತ್ತು.

ಆ್ಯಪ್‌ಗಳ ವಿಚಾರಕ್ಕೆ ಬರೋಣ. 2019ರಲ್ಲಿ 93 ಮಾನಸಿಕ ಆರೋಗ್ಯದ ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿದ ಅಧ್ಯಯನ ಬಂತು. ಡೌನ್‌ಲೋಡ್ ಮಾಡಿದ ನೂರು ಜನರಲ್ಲಿ ತಿಂಗಳ ಕೊನೆಗೆ ಅದನ್ನು ತೆರೆಯುತ್ತಿದ್ದವರು ಮೂರ್ನಾಲ್ಕು ಮಂದಿ. ಸುಮ್ನೆ ಆ್ಯಪ್ ಹಂಚಿ ಕೈತೊಳೆದುಕೊಳ್ಳುವವರು ಈ ಅಂಕಿಯನ್ನು ನೋಡಬೇಕು. ಚಿಕ್ಕದಾಗಿ, ಒಂದೇ ಸಲಕ್ಕೆ ಮುಗಿಯುವ ನೆರವಿನ ಕಥೆ ಬೇರೆ. ಅಮೆರಿಕದ ಮನೋವಿಜ್ಞಾನಿ ಜೆಸಿಕಾ ಶ್ಲೈಡರ್ ಮತ್ತು ಸಂಗಡಿಗರು ಕೋವಿಡ್ ಸಮಯದಲ್ಲೇ 13ರಿಂದ 16 ವರ್ಷದ 2,452 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಸುಮಾರು ಅರ್ಧ ಗಂಟೆಯ ಆನ್‌ಲೈನ್ ಪಾಠ, ಅಷ್ಟೇ. ಮೂರು ತಿಂಗಳ ನಂತರವೂ ಖಿನ್ನತೆಯ ಲಕ್ಷಣ, ಹತಾಶೆ ಸ್ವಲ್ಪ ಕಡಿಮೆಯಾಗಿತ್ತು. ಪರಿಣಾಮ ಸಣ್ಣದು. ಆದರೂ ಯಾವ ನೆರವೂ ಸಿಗದ ಮಗುವಿಗೆ ಅರ್ಧ ಗಂಟೆಯಲ್ಲಿ ಇಷ್ಟು ಸಿಕ್ಕರೆ ನಾನು ಅದನ್ನು ತಳ್ಳಿಹಾಕಲಾರೆ. ಕನ್ನಡದಲ್ಲಿ ಇಂಥದ್ದು ಬರಬೇಕು ಅಂತ ನನ್ನ ಆಸೆ.

ಹಾಗಿದ್ದರೂ ಸಂಕಟ ಆಳವಾಗಿರುವ ಮಗುವಿಗೆ ಮನುಷ್ಯರ ದನಿಯೇ ಬೇಕು. ಆ ದನಿ ತಲುಪಿಸಲು ನಾವು ಆಗ ಕೆಲವು ದಾರಿ ಕಂಡುಕೊಂಡೆವು. ಇಯರ್‌ಫೋನ್ ಹಾಕಿಸುತ್ತಿದ್ದೆವು. ಹಾಗಾದರೆ ಮನೆಯವರಿಗೆ ಮಗುವಿನ ಮಾತಷ್ಟೇ ಕೇಳುತ್ತದೆ. ಆಮೇಲೆ 'ಹೂಂ', 'ಉಹೂಂ' ಅಂದರೆ ಸಾಕಾಗುವ ಹಾಗೆ ಪ್ರಶ್ನೆ ಕೇಳುತ್ತಿದ್ದೆವು. ಯಾರಾದರೂ ಒಳಗೆ ಬಂದರೆ 'ನಾಳೆ ಹೋಮ್‌ವರ್ಕ್ ಕಳಿಸ್ತೀನಿ' ಅನ್ನಬೇಕು. ಆ ಮಾತು ಬಂತೆಂದರೆ ನಾವು ಮಾತು ನಿಲ್ಲಿಸುತ್ತಿದ್ದೆವು. ಹಿತ್ತಲಿಗೋ ತಾರಸಿಗೋ ಹೋಗಿ ನಡೆಯುತ್ತಾ ಮಾತಾಡುವಾಗ ಮಕ್ಕಳು ಹೆಚ್ಚು ಬಿಚ್ಚಿಕೊಳ್ಳುತ್ತಿದ್ದರು. ಕ್ಯಾಮೆರಾ ಬೇಡ ಅಂದರೆ ಬೇಡ. ಇನ್ನೊಂದು ಎಚ್ಚರವೂ ಬೇಕಿತ್ತು. ಎಷ್ಟೋ ಫೋನ್‌ಗಳಲ್ಲಿ ಕಾಲ್‌ಗಳು ತಾವಾಗಿಯೇ ರೆಕಾರ್ಡ್ ಆಗುತ್ತಿರುತ್ತವೆ. ಫೋನ್ ಅಪ್ಪನದಾದರೆ ಮಗು ಹೇಳಿದ್ದೆಲ್ಲ ಅಲ್ಲೇ ಕೂತಿರುತ್ತದೆ. ಅದನ್ನು ಮೊದಲೇ ಪರೀಕ್ಷಿಸಲು ಹೇಳುತ್ತಿದ್ದೆವು.

ತಂದೆ ತಾಯಿಯರಿಗೆ ನನ್ನದೊಂದು ಬೇಡಿಕೆ ಇದೆ. ಯುನಿಸೆಫ್ 2021ರಲ್ಲಿ 15ರಿಂದ 24 ವರ್ಷದವರನ್ನು ಕೇಳಿತು: ಮನಸ್ಸಿನ ತೊಂದರೆಗೆ ಬೇರೆಯವರ ಸಹಾಯ ಪಡೆಯುವುದು ಒಳ್ಳೆಯದೇ? 21 ದೇಶಗಳ ಸರಾಸರಿ ಶೇ. 83 ಹೌದು ಅಂದಿತು. ಭಾರತದಲ್ಲಿ ಹಾಗಂದವರು ಶೇ. 41 ಮಾತ್ರ. ಇಷ್ಟು ಹಿಂಜರಿಕೆ ಇರುವ ಕಡೆ ಮಗು ತಾನಾಗಿ ಯಾರ ಜೊತೆಗಾದರೂ ಮಾತಾಡಬೇಕು ಅಂದರೆ ಅದು ದೊಡ್ಡ ವಿಷಯ. ವಾರಕ್ಕೆ ನಲವತ್ತು ನಿಮಿಷ ಬಾಗಿಲು ಮುಚ್ಚಿಕೊಳ್ಳಲು ಬಿಡಿ. ಮುಗಿದ ಮೇಲೆ 'ಏನು ಹೇಳಿದೆ' ಅಂತ ಕೆದಕಬೇಡಿ. ಕಡಿಮೆ ಅಂಕ ಬಂತು ಅಂತ ಫೋನ್ ಕಿತ್ತುಕೊಳ್ಳುವ ಮೊದಲು, ಅದರಲ್ಲಿ ಆ ಮಗುವಿನ ಒಬ್ಬಳೇ ಗೆಳತಿ ಇರಬಹುದು ಅಂತ ಯೋಚಿಸಿ.

ಕೋವಿಡ್ ಕಲಿಸಿದ್ದರಲ್ಲಿ ಉಳಿದುಕೊಂಡ ಒಂದು ಸೇವೆ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಂಟರ್ನೆಟ್ ಬೇಡ, ಬಟನ್ ಫೋನ್ ಸಾಕು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ. ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಮಗು ಸಾವಿನ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡಿದ್ದರೆ, ಇಷ್ಟದ ವಸ್ತುಗಳನ್ನು ಹಂಚಲು ಶುರು ಮಾಡಿದ್ದರೆ ನಾಳೆ ನೋಡೋಣ ಅನ್ನಬೇಡಿ. ಒಂಟಿಯಾಗಿ ಬಿಡದೆ, ಮಾತ್ರೆ, ಕೀಟನಾಶಕ ಕೈಗೆ ಸಿಗದಂತೆ ಎತ್ತಿಟ್ಟು, ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.