ಯುರೋಪ್ ತಪ್ಪಿದ ಮೇಲೆ ಯಾರು ಉಳಿಯುತ್ತಾರೆ?

2012ರ ಮೇ 19. ಮ್ಯೂನಿಕ್‌ನಲ್ಲಿ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್. ಬಾಯರ್ನ್ ಮ್ಯೂನಿಕ್ ತನ್ನದೇ ಮೈದಾನದಲ್ಲಿ ಚೆಲ್ಸಿ ಎದುರು ಆಡುತ್ತಿತ್ತು. 83ನೇ ನಿಮಿಷದಲ್ಲಿ ಬಾಯರ್ನ್‌ನ ಥಾಮಸ್ ಮುಲ್ಲರ್ ಗೋಲು ಹೊಡೆದಾಗ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. 88ನೇ ನಿಮಿಷದಲ್ಲಿ ಚೆಲ್ಸಿಯ ದ್ರೋಗ್ಬಾ ತಲೆಯಿಂದ ಚೆಂಡನ್ನು ಬಲೆಗೆ ಅಟ್ಟಿದ. ಕೊನೆಗೆ ಪೆನಾಲ್ಟಿಗಳಲ್ಲಿ ಚೆಲ್ಸಿ ಗೆದ್ದಿತು. ಬಾಯರ್ನ್ ಆಟಗಾರರ ಕಣ್ಣೀರು ಟಿವಿಯಲ್ಲಿ ಎಲ್ಲರಿಗೂ ಕಂಡಿತು. ಪೆಟ್ಟು ತಿಂದ ಇನ್ನೊಂದು ಕ್ಲಬ್ ಮಾತ್ರ ಅಂದು ಮೈದಾನದಲ್ಲೇ ಇರಲಿಲ್ಲ. ಅದು ಲಂಡನ್ನಿನ ಟಾಟನ್‌ಹ್ಯಾಮ್.

ಆ ವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಟಾಟನ್‌ಹ್ಯಾಮ್ 69 ಪಾಯಿಂಟ್ ಗಳಿಸಿ ನಾಲ್ಕನೇ ಸ್ಥಾನದಲ್ಲಿತ್ತು. ನಾಲ್ಕನೇ ಸ್ಥಾನ ಅಂದರೆ ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್‌ಗೆ ಟಿಕೆಟ್. ಚೆಲ್ಸಿ ಆರನೇ ಸ್ಥಾನಕ್ಕೆ ಕುಸಿದಿತ್ತು. ಆದರೆ ಹಾಲಿ ಚಾಂಪಿಯನ್‌ಗೆ ಮುಂದಿನ ವರ್ಷ ಜಾಗ ಖಾತ್ರಿ, ಒಂದು ದೇಶದಿಂದ ನಾಲ್ಕಕ್ಕಿಂತ ಹೆಚ್ಚು ಕ್ಲಬ್ ಬರುವಂತಿಲ್ಲ. ಆಗಿನ ನಿಯಮ ಹಾಗಿತ್ತು. ಚೆಲ್ಸಿ ಒಳಗೆ ಬಂತು, ಟಾಟನ್‌ಹ್ಯಾಮ್ ಹೊರಗೆ ಹೋಯಿತು. ಎರಡನೇ ದರ್ಜೆಯ ಯುರೋಪಾ ಲೀಗ್‌ನಲ್ಲಿ ಸಮಾಧಾನಪಟ್ಟುಕೊಳ್ಳಬೇಕಾಯಿತು. ಆಗಸ್ಟ್‌ನಲ್ಲಿ ಅವರ ಅತ್ಯುತ್ತಮ ಆಟಗಾರ ಲೂಕಾ ಮೋಡ್ರಿಚ್ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಆ ಹೊತ್ತಿಗೆ ಬೆಲ್ಜಿಯಂನ ಎಡೆನ್ ಹಜಾರ್ಡ್‌ನನ್ನು ಯಾವ ಕ್ಲಬ್ ಹಿಡಿಯುತ್ತದೆ ಅನ್ನುವುದೇ ದೊಡ್ಡ ಸುದ್ದಿ. ಫೈನಲ್ ಮುಗಿದ ಕೆಲವೇ ದಿನಕ್ಕೆ ಅವನು ಟ್ವಿಟರ್‌ನಲ್ಲಿ ಬರೆದ: ಚಾಂಪಿಯನ್ಸ್ ಲೀಗ್ ಗೆದ್ದವರ ಜೊತೆ ಸಹಿ ಹಾಕುತ್ತಿದ್ದೇನೆ ಅಂತ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸರಳ. ಯುರೋಪ್, ಅಂದರೆ ಚಾಂಪಿಯನ್ಸ್ ಲೀಗ್, ತಪ್ಪಿತು, ಇದ್ದವನು ಹೋದ, ಬರಬಹುದಾದವನು ಪಕ್ಕದ ಮನೆಗೆ ಹೋದ. ಆದರೆ ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣ ಅನ್ನಲು ಆಗುವುದಿಲ್ಲ ಅಲ್ವಾ? ಮೋಡ್ರಿಚ್ 2011ರ ಬೇಸಿಗೆಯಲ್ಲೇ ಚೆಲ್ಸಿಗೆ ಹೋಗಲು ಹೊರಟಿದ್ದ. ಕ್ಲಬ್ಬಿನ ಅಧ್ಯಕ್ಷ ಡೇನಿಯಲ್ ಲೆವಿ ಬಿಟ್ಟಿರಲಿಲ್ಲ, ಅಷ್ಟೆ. ಆ ಫೈನಲ್‌ನಲ್ಲಿ ದ್ರೋಗ್ಬಾನ ಕೊನೆಯ ಪೆನಾಲ್ಟಿ ಗುರಿ ತಪ್ಪಿದ್ದರೂ ಮೋಡ್ರಿಚ್ ಹೋಗುತ್ತಿದ್ದನೋ ಏನೋ.

ಇಂಥ ಗೋಜಲನ್ನು ಬಿಡಿಸಲು ಸಮಾಜ ವಿಜ್ಞಾನಿಗಳ ಬಳಿ ಒಂದು ಉಪಾಯ ಇದೆ. 1960ರಲ್ಲಿ ಡೊನಾಲ್ಡ್ ಥಿಸಲ್‌ತ್ವೇಟ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಇಬ್ಬರು ಅಮೆರಿಕನ್ ಮನೋವಿಜ್ಞಾನಿಗಳು ಇದನ್ನು ಮುಂದಿಟ್ಟರು. ಅವರ ಮುಂದಿದ್ದ ಪ್ರಶ್ನೆ: ಪ್ರತಿಭಾ ಪುರಸ್ಕಾರ ಸಿಕ್ಕಿದ ವಿದ್ಯಾರ್ಥಿಗಳು ಮುಂದೆ ಚೆನ್ನಾಗಿ ಬೆಳೆಯುವುದು ಪುರಸ್ಕಾರದಿಂದಲೋ, ಅವರು ಮೊದಲೇ ಜಾಣರಾಗಿದ್ದರಿಂದಲೋ? ಎಲ್ಲರನ್ನೂ ಹೋಲಿಸಿದರೆ ಇದು ಗೊತ್ತಾಗುವುದಿಲ್ಲ. ಅದಕ್ಕೆ ಅವರು ಗೆರೆಯ ಆಚೆ ಈಚೆ ಇದ್ದವರನ್ನಷ್ಟೇ ಎತ್ತಿಕೊಂಡರು. ಒಂದೆರಡು ಅಂಕದಲ್ಲಿ ಸಿಕ್ಕಿದವರು ಮತ್ತು ಒಂದೆರಡು ಅಂಕದಲ್ಲಿ ತಪ್ಪಿದವರು ಜಾಣತನದಲ್ಲಿ ಹೆಚ್ಚುಕಮ್ಮಿ ಒಂದೇ. ನಂತರ ಅವರ ನಡುವೆ ವ್ಯತ್ಯಾಸ ಕಂಡರೆ ಅದು ಪುರಸ್ಕಾರದ್ದೇ ಕೆಲಸ.

ಫುಟ್‌ಬಾಲ್ ಲೀಗಿನಲ್ಲಿ ಅಂಥ ಗೆರೆ ಪ್ರತಿ ವರ್ಷ ಮೇ ತಿಂಗಳಲ್ಲಿ ಬೀಳುತ್ತದೆ. 2013ರಲ್ಲಿ ಆರ್ಸೆನಲ್ 73 ಪಾಯಿಂಟ್, ಟಾಟನ್‌ಹ್ಯಾಮ್ 72. 38 ಪಂದ್ಯದಲ್ಲಿ ಒಂದು ಪಾಯಿಂಟ್ ಅಂದರೆ ಕಂಬಕ್ಕೆ ತಾಗಿ ಹೊರಹೋದ ಒಂದು ಚೆಂಡು. ಆರ್ಸೆನಲ್ ಒಳಗೆ, ಟಾಟನ್‌ಹ್ಯಾಮ್ ಹೊರಗೆ. ಆ ಬೇಸಿಗೆ ಗ್ಯಾರೆತ್ ಬೇಲ್ ಆಗಿನ ವಿಶ್ವದಾಖಲೆ ಬೆಲೆಗೆ ಮ್ಯಾಡ್ರಿಡ್‌ಗೆ ಹೋದ. ಅದೇ ಮ್ಯಾಡ್ರಿಡ್‌ನಿಂದ ಮೆಸುಟ್ ಓಜಿಲ್ ಆರ್ಸೆನಲ್‌ಗೆ ಬಂದ. ಗೆರೆಯ ಎರಡು ಬದಿ ಇದಕ್ಕಿಂತ ಚೊಕ್ಕವಾಗಿ ಸಿಗುವುದು ಕಷ್ಟ. ಆದರೂ ಒಂದು ಲೀಗಿನಲ್ಲಿ ವರ್ಷಕ್ಕೆ ಇಂಥ ಒಂದೋ ಎರಡೋ ಜೋಡಿ ಸಿಗುತ್ತವೆ, ಸಾವಿರಾರು ವಿದ್ಯಾರ್ಥಿಗಳಲ್ಲ. ಹಾಗಾಗಿ ಬಿಡಿ ಘಟನೆಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಗೆರೆಯ ಎರಡು ಬದಿಗೂ ಹಣದ ಅಂತರ ಎಷ್ಟು? 2024ರಲ್ಲಿ ಶುರುವಾದ ಹೊಸ ಮಾದರಿಯಲ್ಲಿ ಚಾಂಪಿಯನ್ಸ್ ಲೀಗ್‌ಗೆ ಕಾಲಿಟ್ಟ ಮಾತ್ರಕ್ಕೆ ಒಂದು ಕ್ಲಬ್‌ಗೆ 1.86 ಕೋಟಿ ಯೂರೊ. ಯುರೋಪಾ ಲೀಗ್ ಆದರೆ 43 ಲಕ್ಷ. ಮೂರನೇ ದರ್ಜೆಯ ಕಾನ್ಫರೆನ್ಸ್ ಲೀಗ್ ಆದರೆ 32 ಲಕ್ಷದ ಆಸುಪಾಸು. ಚಾಂಪಿಯನ್ಸ್ ಲೀಗ್‌ನ ಮೊದಲ ಹಂತದಲ್ಲಿ ಒಂದು ಗೆಲುವಿಗೆ 21 ಲಕ್ಷ ಯೂರೊ, ಯುರೋಪಾದಲ್ಲಿ ನಾಲ್ಕೂವರೆ ಲಕ್ಷ. ಟಿವಿ ಪಾಲು, ಟಿಕೆಟ್, ಜಾಹೀರಾತು ಬೇರೆ. ಈ ಹಣ ಸಂಬಳಕ್ಕೆ ಹೋಗುತ್ತದೆ. ಸಂಬಳ ಯಾಕೆ ಮುಖ್ಯ ಅನ್ನುವುದನ್ನು ಅರ್ಥಶಾಸ್ತ್ರಜ್ಞ ಸ್ಟೀಫನ್ ಸಿಮಾನ್ಸ್ಕಿ ತೋರಿಸಿದ್ದಾರೆ. ಹಲವು ವರ್ಷಗಳ ಸರಾಸರಿ ತೆಗೆದರೆ, ಇಂಗ್ಲಿಷ್ ಕ್ಲಬ್‌ಗಳ ಲೀಗ್ ಸ್ಥಾನಗಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ 90ರಷ್ಟನ್ನು ಅವು ಕೊಡುವ ಸಂಬಳದಿಂದಲೇ ವಿವರಿಸಬಹುದು. ಆಟಗಾರರನ್ನು ಕೊಳ್ಳಲು ಸುರಿದ ಹಣಕ್ಕೆ ಅಷ್ಟು ಬಿಗಿಯಾದ ನಂಟಿಲ್ಲ.

ತೊಂದರೆ ಇರುವುದು ಸಮಯದಲ್ಲಿ. ಆದಾಯ ಮೇ ತಿಂಗಳ ಒಂದು ಮಧ್ಯಾಹ್ನ ದಿಢೀರನೆ ಬೀಳುತ್ತದೆ. ಆಟಗಾರರ ಒಪ್ಪಂದ ನಾಲ್ಕೈದು ವರ್ಷದ್ದು, ಅದು ಬೀಳುವುದಿಲ್ಲ. ಲೀಡ್ಸ್ ಯುನೈಟೆಡ್ ಮುಳುಗಿದ್ದು ಈ ಸಂದಿಯಲ್ಲೇ. 2001ರ ಮೇ 8ರಂದು ಅವರು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ವೆಲೆನ್ಸಿಯಾ ಎದುರು ಸೋತರು. ಅದೇ ತಿಂಗಳು ಲೀಗ್‌ನಲ್ಲಿ ಲಿವರ್‌ಪೂಲ್‌ಗಿಂತ ಒಂದೇ ಪಾಯಿಂಟ್ ಹಿಂದೆ ಬಿದ್ದು ನಾಲ್ಕನೇ ಸ್ಥಾನಕ್ಕೆ ಬಂದರು. ಆಗ ಇಂಗ್ಲೆಂಡಿಗೆ ಇದ್ದದ್ದು ಮೂರೇ ಜಾಗ. ಅಧ್ಯಕ್ಷ ಪೀಟರ್ ರಿಡ್ಸ್‌ಡೇಲ್ ಹೆದರಲಿಲ್ಲ. ಮುಂದಿನ ವರ್ಷಗಳ ಟಿಕೆಟ್ ಆದಾಯವನ್ನು ಒತ್ತೆಯಿಟ್ಟು 6 ಕೋಟಿ ಪೌಂಡ್ ಸಾಲ ಎತ್ತಿದ್ದರು. ಚಾಂಪಿಯನ್ಸ್ ಲೀಗ್ ಹೇಗೂ ಸಿಗುತ್ತದೆ ಎಂಬ ಲೆಕ್ಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು.

2002ರಲ್ಲಿ ಐದನೇ ಸ್ಥಾನ. ಮತ್ತೆ ತಪ್ಪಿತು. ಎರಡು ವರ್ಷದ ಹಿಂದಷ್ಟೇ 1.8 ಕೋಟಿ ಪೌಂಡ್ ಕೊಟ್ಟು ತಂದಿದ್ದ ರಿಯೊ ಫರ್ಡಿನೆಂಡ್ ಆ ಜುಲೈನಲ್ಲಿ ಸುಮಾರು 3 ಕೋಟಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಲಾಭ ಚೆನ್ನಾಗಿಯೇ ಬಂತು. ಆದರೆ ಮಾರುವ ತುರ್ತು ಇದೆ ಅಂತ ಮಾರುಕಟ್ಟೆಗೆ ಗೊತ್ತಾಗಿಬಿಟ್ಟಿತು. ರಾಬಿ ಕೀನ್, ಜೊನಾಥನ್ ವುಡ್‌ಗೇಟ್, ರಾಬಿ ಫೌಲರ್ ಒಬ್ಬರ ಹಿಂದೆ ಒಬ್ಬರು ಹೋದರು. ಫೌಲರ್ ಮ್ಯಾಂಚೆಸ್ಟರ್ ಸಿಟಿಗೆ ಹೋದ ಮೇಲೂ ಅವನ ಸಂಬಳದ ಒಂದು ಪಾಲನ್ನು ಲೀಡ್ಸ್ ಕಟ್ಟುತ್ತಿತ್ತು. 2003ರಲ್ಲಿ ಹ್ಯಾರಿ ಕ್ಯೂವೆಲ್ ಲಿವರ್‌ಪೂಲ್‌ಗೆ ಬರೀ 50 ಲಕ್ಷ ಪೌಂಡ್‌ಗೆ ಸಿಕ್ಕಿದ. 2004ರಲ್ಲಿ ಕ್ಲಬ್ ಕೆಳಗಿನ ದರ್ಜೆಗೆ ಬಿತ್ತು. ಮತ್ತೆ ಪ್ರೀಮಿಯರ್ ಲೀಗ್‌ಗೆ ಬರಲು 2020 ಆಗಬೇಕಾಯಿತು.

ಲೀಡ್ಸ್ ಕಥೆ ಕೇಳಿದವರಿಗೆ ಯುರೋಪ್ ತಪ್ಪುವುದು ಅಂದರೆ ಮರಣಶಾಸನ ಅನಿಸುತ್ತದೆ. ಹಾಗಾದರೆ 2016ರ ಬೇಸಿಗೆಯನ್ನು ನೋಡಿ. ಎನ್‌ಗೊಲೊ ಕಾಂಟೆ ಲೆಸ್ಟರ್ ಸಿಟಿಯ ಜೊತೆ ಪ್ರೀಮಿಯರ್ ಲೀಗ್ ಗೆದ್ದಿದ್ದ. ಮುಂದಿನ ವರ್ಷ ಅಲ್ಲೇ ಇದ್ದಿದ್ದರೆ ಚಾಂಪಿಯನ್ಸ್ ಲೀಗ್ ಆಡುತ್ತಿದ್ದ. ಅವನು ಹೋದದ್ದು ಹತ್ತನೇ ಸ್ಥಾನಕ್ಕೆ ಬಿದ್ದು ಯುರೋಪಿನಿಂದಲೇ ಹೊರಗಿದ್ದ ಚೆಲ್ಸಿಗೆ. ಸಾಡಿಯೊ ಮಾನೆ ಆರನೇ ಸ್ಥಾನದ ಸೌತಾಂಪ್ಟನ್ ಬಿಟ್ಟು ಎಂಟನೇ ಸ್ಥಾನದ ಲಿವರ್‌ಪೂಲ್‌ಗೆ ಹೋದ. ಸೌತಾಂಪ್ಟನ್‌ಗೆ ಯುರೋಪಾ ಲೀಗ್ ಇತ್ತು, ಲಿವರ್‌ಪೂಲ್‌ಗೆ ಏನೂ ಇರಲಿಲ್ಲ. ಟಾಟನ್‌ಹ್ಯಾಮ್ ಕೂಡ 2012ರಲ್ಲಿ ಬರಿಗೈಯಲ್ಲಿ ಕೂರಲಿಲ್ಲ. ಡಚ್ ಚಾಂಪಿಯನ್ ಆಯಾಕ್ಸ್‌ನಿಂದ ಯಾನ್ ವರ್ಟೊಂಗನ್ ಬಂದ. ಆಯಾಕ್ಸ್‌ನಲ್ಲೇ ಉಳಿದಿದ್ದರೆ ಅವನು ಆ ವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ಮೋಡ್ರಿಚ್‌ನ ರಿಯಲ್ ಮ್ಯಾಡ್ರಿಡ್ ಎದುರೇ ಆಡುತ್ತಿದ್ದ!

ಇವರೆಲ್ಲ ಲೆಕ್ಕ ತಪ್ಪಿದರಾ? ಇಲ್ಲ. ಐದು ವರ್ಷಕ್ಕೆ ಸಹಿ ಹಾಕುವ ಆಟಗಾರ ಈ ವರ್ಷದ ಪಟ್ಟಿಯೊಂದನ್ನೇ ನೋಡುವುದಿಲ್ಲ. ಮುಂದಿನ ನಾಲ್ಕು ವರ್ಷ ಈ ಕ್ಲಬ್ ಎಲ್ಲಿರುತ್ತದೆ ಅಂತ ಅಂದಾಜು ಮಾಡುತ್ತಾನೆ. 18ನೇ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯ್ಸ್ ಇಂಥ ಅಂದಾಜಿಗೆ ಗಣಿತದ ದಾರಿ ಹಾಕಿಕೊಟ್ಟ. ಅವನ ಪ್ರಬಂಧ ಪ್ರಕಟವಾದದ್ದು ಅವನು ಸತ್ತ ಮೇಲೆ, 1763ರಲ್ಲಿ. ಅದರ ತಿರುಳು ಇಷ್ಟು: ಹೊಸ ಸುದ್ದಿ ಬಂದಾಗ ನಮ್ಮ ನಂಬಿಕೆ ಎಷ್ಟು ಬದಲಾಗಬೇಕು ಅನ್ನುವುದು ಆ ಸುದ್ದಿಯ ತೂಕದ ಜೊತೆಗೆ ನಮ್ಮ ಹಳೆಯ ನಂಬಿಕೆ ಎಷ್ಟು ಗಟ್ಟಿ ಅನ್ನುವುದನ್ನೂ ಅವಲಂಬಿಸಿದೆ. ಚೆಲ್ಸಿ ಹತ್ತು ವರ್ಷದಿಂದ ಮೇಲಿನ ನಾಲ್ಕರ ಸುತ್ತಲೇ ಇತ್ತು. ಒಂದು ಕೆಟ್ಟ ವರ್ಷ ಆ ನಂಬಿಕೆಯನ್ನು ಅಲ್ಲಾಡಿಸಲಿಲ್ಲ. ಲೆಸ್ಟರ್ ಹಿಂದಿನ ವರ್ಷ 14ನೇ ಸ್ಥಾನದಲ್ಲಿತ್ತು. ಒಂದು ಪವಾಡದ ವರ್ಷ ಅದನ್ನು ದೊಡ್ಡ ಕ್ಲಬ್ ಮಾಡಲಿಲ್ಲ. ಕಾಂಟೆ ಬೇಯ್ಸ್ ಹೆಸರು ಕೇಳಿದ್ದನೋ ಇಲ್ಲವೋ, ಲೆಕ್ಕ ಮಾತ್ರ ಸರಿಯಾಗಿ ಹಾಕಿದ್ದ. ಮೊದಲ ವರ್ಷವೇ ಚೆಲ್ಸಿ 93 ಪಾಯಿಂಟ್ ಗಳಿಸಿ ಲೀಗ್ ಗೆದ್ದಿತು.

ನನ್ನ ಮಟ್ಟಿಗೆ ಇದೇ ವಿಷಯದ ಕೀಲಿ. ಯುರೋಪ್ ತಪ್ಪಿದ್ದಕ್ಕಿಂತ, ಮುಂದಿನ ವರ್ಷ ಮತ್ತೆ ಸಿಗುತ್ತದೆ ಅಂತ ನಂಬಿಸಲು ಆಗದೇ ಇರುವುದು ಕ್ಲಬ್‌ಗೆ ಹೆಚ್ಚು ದುಬಾರಿ.

2025ರ ಬೇಸಿಗೆಯಲ್ಲಿ ಮೂರು ದೇಶಗಳ ಮೂರು ದೊಡ್ಡ ಕ್ಲಬ್‌ಗಳು ಒಟ್ಟಿಗೇ ಯುರೋಪಿನಿಂದ ಹೊರಬಿದ್ದವು. ಮ್ಯಾಂಚೆಸ್ಟರ್ ಯುನೈಟೆಡ್ 15ನೇ ಸ್ಥಾನದಲ್ಲಿ ಮುಗಿಸಿತ್ತು. ಯುರೋಪಾ ಲೀಗ್ ಗೆದ್ದಿದ್ದರೆ ಚಾಂಪಿಯನ್ಸ್ ಲೀಗ್ ಸಿಗುತ್ತಿತ್ತು, ಆದರೆ ಆ ಫೈನಲ್‌ನಲ್ಲೂ ಸೋತಿತು. ಜರ್ಮನಿಯ ಆರ್‌ಬಿ ಲೈಪ್‌ಜಿಗ್ ಏಳನೇ ಸ್ಥಾನ. ಇಟಲಿಯ ಎಸಿ ಮಿಲಾನ್ ಎಂಟನೇ ಸ್ಥಾನ. ಒಂದೇ ಕಾಯಿಲೆ, ಆದರೆ ಮೂವರ ಪರಿಣಾಮ ಬೇರೆ ಬೇರೆ.

ಲೈಪ್‌ಜಿಗ್ ಪ್ರತಿಭಾವಂತ ಹುಡುಗರನ್ನು ಕರೆತಂದು, ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿಸಿ, ಬೆಲೆ ಏರಿದ ಮೇಲೆ ಮಾರುವ ಕ್ಲಬ್. ವೇದಿಕೆ ಹೋದರೆ ಹುಡುಗರಿಗೆ ಅಲ್ಲಿ ಉಳಿಯಲು ಕಾರಣವೇ ಇರುವುದಿಲ್ಲ. ಬೆಂಜಮಿನ್ ಶೆಶ್ಕೊ ಹೋದ, ಷಾವಿ ಸಿಮೊನ್ಸ್ ಟಾಟನ್‌ಹ್ಯಾಮ್‌ಗೆ ಹೋದ, ಲೋಯಿಸ್ ಓಪೆಂಡಾ ಯುವೆಂಟಸ್‌ಗೆ ಹೋದ. ಮಿಲಾನ್ ತನ್ನ ಅತ್ಯುತ್ತಮ ಮಿಡ್‌ಫೀಲ್ಡರ್ ಟಿಯಾನಿ ರೈಂಡರ್ಸ್‌ನನ್ನು ಮ್ಯಾಂಚೆಸ್ಟರ್ ಸಿಟಿಗೆ ಮಾರಿತು. ಮಿಲಾನ್‌ಗೆ ಬಂದವನು ಯಾರು? 39 ವರ್ಷದ ಮೋಡ್ರಿಚ್! ಚಿಕ್ಕಂದಿನಿಂದ ಮಿಲಾನ್ ಅಭಿಮಾನಿ, ಆರು ಚಾಂಪಿಯನ್ಸ್ ಲೀಗ್ ಗೆದ್ದವನು. 26ರಲ್ಲಿ ಬೇಕಾಗಿದ್ದದ್ದು 39ರಲ್ಲಿ ಬೇಕಾಗಿರಲಿಲ್ಲ. ವಯಸ್ಸು ಈ ಲೆಕ್ಕವನ್ನು ಹೇಗೆ ತಿರುಗಿಸುತ್ತದೆ ನೋಡಿ.

ಮ್ಯಾಂಚೆಸ್ಟರ್ ಯುನೈಟೆಡ್ ಮಾತ್ರ ಏನೂ ಆಗದವರಂತೆ ಖರೀದಿಗೆ ಇಳಿಯಿತು. ಮಥೇಯಸ್ ಕುನ್ಯ, ಬ್ರಯಾನ್ ಎಂಬ್ಯೂಮೊ, ಶೆಶ್ಕೊ, ಮೂವರಿಗೂ ಸೇರಿ 20 ಕೋಟಿ ಪೌಂಡ್ ಆಸುಪಾಸು. ಕುನ್ಯ ಮತ್ತು ಎಂಬ್ಯೂಮೊ ಬಂದದ್ದು ಹೇಗೂ ಯುರೋಪಿನಲ್ಲಿ ಇಲ್ಲದ ಕ್ಲಬ್‌ಗಳಿಂದ, ಅವರು ಕಳೆದುಕೊಂಡದ್ದು ಏನಿಲ್ಲ. ಶೆಶ್ಕೊನದು ಹಾಗಲ್ಲ. ಅವನ ಹಿಂದೆ ನ್ಯೂಕಾಸಲ್ ಕೂಡ ಬಿದ್ದಿತ್ತು, ಅವರಿಗೆ ಆ ವರ್ಷ ಚಾಂಪಿಯನ್ಸ್ ಲೀಗ್ ಇತ್ತು. ಅದೇ ನ್ಯೂಕಾಸಲ್ ತನ್ನ ಅಲೆಕ್ಸಾಂಡರ್ ಇಸಾಕ್‌ನನ್ನೂ ಉಳಿಸಿಕೊಳ್ಳಲಿಲ್ಲ. 12.5 ಕೋಟಿ ಪೌಂಡ್‌ಗೆ ಲಿವರ್‌ಪೂಲ್‌ಗೆ ಬಿಟ್ಟುಕೊಟ್ಟಿತು. ಇಂಗ್ಲೆಂಡಿನ ಟಿವಿ ಹಣ ಎಷ್ಟು ದೊಡ್ಡದೆಂದರೆ, ದೊಡ್ಡ ಹೆಸರಿನ ಕ್ಲಬ್ ಒಂದು ವರ್ಷದ ಯುರೋಪನ್ನು ನುಂಗಿಕೊಳ್ಳಬಲ್ಲದು. ಜರ್ಮನಿಯಲ್ಲಿ ಆ ಮೆತ್ತೆ ಇಲ್ಲ.

ಯುರೋಪ್ ಇಲ್ಲದ ವರ್ಷ ಮೈದಾನದಲ್ಲಿ ಲಾಭವೂ ಇದೆ. ವಾರದ ಮಧ್ಯೆ ಪ್ರಯಾಣ ಇಲ್ಲ, ಕೋಚ್‌ಗೆ ತರಬೇತಿಯ ದಿನ ಜಾಸ್ತಿ. 2016ರ ಲೆಸ್ಟರ್, 2017ರ ಚೆಲ್ಸಿ ಎರಡೂ ಯುರೋಪ್ ಇಲ್ಲದೆಯೇ ಲೀಗ್ ಗೆದ್ದವು. 2014ರಲ್ಲಿ ಲಿವರ್‌ಪೂಲ್ ಎರಡನೆಯದಾಯಿತು. ಆದರೆ ಪಂದ್ಯ ಕಡಿಮೆಯಾದರೆ ಬೆಂಚಿನಲ್ಲಿ ಕೂರುವವರ ಪಾಲೂ ಕಡಿಮೆ. ಮಿಡ್‌ಫೀಲ್ಡರ್ ಆಸ್ಕರ್ 2017ರ ಚಾಂಪಿಯನ್ ಚೆಲ್ಸಿಯಲ್ಲಿ ಜಾಗ ಸಿಗದೆ ಋತುವಿನ ಮಧ್ಯದಲ್ಲೇ ಶಾಂಘೈಗೆ ಹೋದ. 2025ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗ ಕೋಬಿ ಮೈನೂ ಬೇರೆ ಕ್ಲಬ್‌ನಲ್ಲಿ ಎರವಲಾಗಿ ಆಡಲು ಬಿಡಿ ಅಂತ ಕೇಳಿದ. ಕ್ಲಬ್ ಬಿಡಲಿಲ್ಲ.

ಈಗ ಕ್ಲಬ್‌ಗಳು ಲೀಡ್ಸ್‌ನಿಂದ ಪಾಠ ಕಲಿತಿವೆ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಇಲ್ಲದ ವರ್ಷ ಹಲವು ಆಟಗಾರರ ಸಂಬಳ ಕಾಲುಭಾಗ ಇಳಿಯುತ್ತದೆ ಅಂತ ಪತ್ರಿಕೆಗಳು ವರದಿ ಮಾಡುತ್ತಾ ಬಂದಿವೆ. ಪ್ರಾಯೋಜಕರೂ ಜಾಣರು. ಅಡಿಡಾಸ್ 2023ರಲ್ಲಿ ಈ ಕ್ಲಬ್ ಜೊತೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ, ಚಾಂಪಿಯನ್ಸ್ ಲೀಗ್ ತಪ್ಪಿದ ಪ್ರತಿ ವರ್ಷಕ್ಕೂ 1 ಕೋಟಿ ಪೌಂಡ್ ಕಡಿತ ಇದೆ. ಆಟಗಾರರ ಏಜೆಂಟರು ಉಲ್ಟಾ ಷರತ್ತು ಬರೆಸುತ್ತಾರೆ: ಯುರೋಪ್ ತಪ್ಪಿದರೆ ಇಷ್ಟು ಬೆಲೆಗೆ ನಮ್ಮ ಹುಡುಗನನ್ನು ಬಿಡಬೇಕು ಅಂತ. ಸಂಬಳ ಇಳಿಸುವ ಷರತ್ತು ಖಾತೆಯನ್ನು ಉಳಿಸುತ್ತದೆ. ಜೊತೆಗೆ, ಹೊರಗೆ ಹೋಗುವ ಯೋಚನೆಯಲ್ಲಿದ್ದ ಆಟಗಾರನಿಗೆ ಇನ್ನೊಂದು ಕಾರಣವನ್ನೂ ಕೊಡುತ್ತದೆ.

ಹಾಗಂತ ಎಲ್ಲರೂ ಹೋಗುವುದಿಲ್ಲ. ಒಳ್ಳೆಯ ಫಾರ್ಮ್‌ನಲ್ಲಿ ಇರುವವನಿಗೆ ಹತ್ತು ಬಾಗಿಲು ತೆರೆದಿರುತ್ತವೆ. ಕ್ಲಬ್‌ಗೆ ಬೇಡವಾದವನಿಗೆ ಅಷ್ಟು ಸಂಬಳ ಬೇರೆ ಯಾರೂ ಕೊಡುವುದಿಲ್ಲ, ಹಾಗಾಗಿ ಅವನು ಅಲ್ಲೇ ಉಳಿಯುತ್ತಾನೆ. ಜೇಡನ್ ಸಾಂಚೊನನ್ನು ಮ್ಯಾಂಚೆಸ್ಟರ್ ಯುನೈಟೆಡ್ 2021ರಲ್ಲಿ 7.3 ಕೋಟಿ ಪೌಂಡ್ ಕೊಟ್ಟು ತಂದಿತ್ತು. 2025ರ ಬೇಸಿಗೆಯಿಡೀ ಕೊಳ್ಳುವವರನ್ನು ಹುಡುಕಿದರೂ ಮಾರಾಟ ಆಗಲಿಲ್ಲ. ಆಟಗಾರರನ್ನು ಕೊಳ್ಳುವ ಗಡುವು ಮುಗಿಯುವ ದಿನ ಅವನು ಆಸ್ಟನ್ ವಿಲ್ಲಾಗೆ ಹೋದ, ಅದೂ ಎರವಲಾಗಿ. ಡಾರ್ಟ್‌ಮಂಡ್, ಚೆಲ್ಸಿ ಆದ ಮೇಲೆ ಅದು ಮೂರನೇ ಎರವಲು.