ದವಡೆ ಮುರಿದದ್ದು ಎಲ್ಲಿ?

ಭಾನುವಾರ ಮಧ್ಯಾಹ್ನ ನಮ್ಮ ಆಸ್ಪತ್ರೆಗೆ ಬರುವ ಹುಡುಗರನ್ನು ನೋಡಿದರೆ ಸಾಕು, ಬಾಯಿ ಬಿಡಿಸುವ ಮೊದಲೇ ಗೊತ್ತಾಗುತ್ತಿತ್ತು. ಎಡಗೆನ್ನೆ ಊದಿರುತ್ತದೆ. ಬಾಯಿ ಎರಡು ಬೆರಳು ಹಿಡಿಯುವಷ್ಟೂ ತೆರೆಯುವುದಿಲ್ಲ. "ರಾತ್ರಿ ಏನೂ ಅನಿಸಲಿಲ್ಲ, ಮಲಗಿ ಎದ್ದ ಮೇಲೆ ಹಲ್ಲು ಕೂಡ್ತಾ ಇಲ್ಲ" ಅನ್ನುತ್ತಾರೆ. ಏಟು ತಿಂದವನ ಹಲ್ಲು ಕೂಡುತ್ತಿಲ್ಲ ಎಂದರೆ ಕೆಳದವಡೆ ಮುರಿದಿದೆ ಎಂದೇ ನಮ್ಮ ಲೆಕ್ಕ. ಎಡಗಡೆಯೇ ಯಾಕೆ? ಗುದ್ದುವವರಲ್ಲಿ ಬಲಗೈಯವರೇ ಜಾಸ್ತಿ. ಎದುರು ನಿಂತು ಬಲಗೈ ಬೀಸಿದರೆ ಏಟು ಬೀಳುವುದು ಎದುರಿನವನ ಎಡಗೆನ್ನೆಗೆ. ಕೆಲವು ಸಲ ಮೂಳೆ ಡಾಕ್ಟರ ಕೋಣೆಯ ಮುಂದೆ ಇನ್ನೊಬ್ಬ ಕೂತಿರುತ್ತಿದ್ದ. ಅವನ ಬಲಗೈ ಕಿರುಬೆರಳ ಬುಡದ ಮೂಳೆ ಮುರಿದಿರುತ್ತಿತ್ತು. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬೇಡಿ ಎಂದು ನರ್ಸ್‌ಗೆ ಹೇಳುವುದೂ ನಮ್ಮ ಕೆಲಸವೇ ಆಗಿತ್ತು.

ನಾನು ಬಾಯಿ, ದವಡೆ, ಮುಖದ ಸರ್ಜನ್. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಕೆಲವು ವರ್ಷ ಇದ್ದೆ. ಈಗ ನಮ್ಮ ಕಡೆಯದೇ ಒಂದು ಜಿಲ್ಲಾ ಕೇಂದ್ರದಲ್ಲಿದ್ದೇನೆ, ಅದೂ ಹೊಳೆ ದಂಡೆಯ ಊರೇ. ಇಲ್ಲೂ ಹೊಳೆ ಪಕ್ಕ ವಾಕಿಂಗ್ ಪಾತ್ ಹಾಕುವುದು, ದೀಪ ಹಾಕುವುದು, ತಿಂಡಿ ಅಂಗಡಿ ಇಡುವುದು ಎಂಬ ಮಾತು ನಡೆದಿದೆ. ಮೊನ್ನೆ ಒಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: "ಡಾಕ್ಟ್ರೇ, ರಾತ್ರಿ ಜನ ಸೇರಿದ್ರೆ ಗಲಾಟೆ ಆಗಲ್ವಾ?" ಆಗುತ್ತದೆ. ಆದರೆ ಎಲ್ಲ ಕಡೆ ಆಗುವುದಿಲ್ಲ, ಎಲ್ಲ ಹೊತ್ತಿನಲ್ಲೂ ಆಗುವುದಿಲ್ಲ. ಇದನ್ನು ನನಗೆ ಕಲಿಸಿದ್ದು ಕಾರ್ಡಿಫ್.

ಕಾರ್ಡಿಫ್ ದೊಡ್ಡ ಊರೇನಲ್ಲ. 2021ರ ಜನಗಣತಿಯಲ್ಲಿ ಮೂರೂ ಮುಕ್ಕಾಲು ಲಕ್ಷವೂ ತುಂಬಲಿಲ್ಲ. ನಡುವೆ ಟಾಫ್ ಎಂಬ ಹೊಳೆ. ಪೇಟೆಯಲ್ಲಿ ಕೀ ಸ್ಟ್ರೀಟ್ ಎಂಬ ಪುಟ್ಟ ರಸ್ತೆ ಇದೆ, ಅಂದರೆ ದೋಣಿಕಟ್ಟೆ ಬೀದಿ. ದೋಣಿ ಬಿಡಿ, ಅಲ್ಲಿ ಹೊಳೆಯೇ ಇಲ್ಲ. 19ನೇ ಶತಮಾನದ ಮಧ್ಯದಲ್ಲಿ ರೈಲ್ವೆ ಸ್ಟೇಷನ್‌ಗೆ ಜಾಗ ಸಾಲದು ಎಂದು ಬ್ರುನೆಲ್ ಎಂಬ ಇಂಜಿನಿಯರ್ ಹೊಳೆಯನ್ನೇ ಪಶ್ಚಿಮಕ್ಕೆ ತಳ್ಳಿದ. ಹೊಳೆ ಹರಿಯುತ್ತಿದ್ದ ಕಡೆ ಆಟದ ಮೈದಾನ ಬಂತು. ಅದೇ ಜಾಗದಲ್ಲಿ 1999ರಲ್ಲಿ ಸುಮಾರು 74,000 ಜನ ಹಿಡಿಸುವ ಮಿಲೇನಿಯಂ ಸ್ಟೇಡಿಯಂ ಎದ್ದಿತು. ಬೇರೆ ಎಷ್ಟೋ ಊರುಗಳಲ್ಲಿ ಇಷ್ಟು ದೊಡ್ಡ ಸ್ಟೇಡಿಯಂ ಊರಾಚೆ ಇರುತ್ತದೆ. ಇಲ್ಲಿ ಗೇಟು ದಾಟಿದರೆ ಪಬ್‌ನ ಬಾಗಿಲು.

ಅದೇ ವರ್ಷ ಸೇಂಟ್ ಮೇರಿ ಸ್ಟ್ರೀಟ್‌ನಲ್ಲಿದ್ದ ಬ್ರೈನ್ಸ್ ಕಂಪನಿಯ ಹಳೇ ಬಿಯರ್ ಕಾರ್ಖಾನೆ ಬೇರೆ ಕಡೆ ಹೋಯಿತು. ಆ ಜಾಗ ಹೋಟೆಲು, ಬಾರುಗಳ ಅಂಗಳವಾಯಿತು. ಇದೇ ಬೀದಿಯ ಆಸುಪಾಸಿನ ಹಳೇ ಕಟ್ಟಡಗಳು ಒಂದೊಂದಾಗಿ ದೊಡ್ಡ ದೊಡ್ಡ ಬಾರುಗಳಾದವು. ಕಲ್ಲಿದ್ದಲು ಸಾಗಿಸಿ ಬೆಳೆದ ಬಂದರು ಊರು ಅದು. ಕಲ್ಲಿದ್ದಲು ನಿಂತ ಮೇಲೆ ಹೊಟ್ಟೆಪಾಡಿಗೆ ಏನಾದರೂ ಬೇಕಿತ್ತು. ರಗ್ಬಿ, ಶಾಪಿಂಗ್, ಬಿಯರ್ ಹಿಡಿಯಿತು. ಯೋಜನೆಯವರು ಇದನ್ನು ನಗರದ ಪುನರುಜ್ಜೀವನ ಅನ್ನುತ್ತಿದ್ದರು. ನಮ್ಮ ಆಪರೇಷನ್ ಥಿಯೇಟರಿನಲ್ಲಿ ಅದಕ್ಕೆ ಸೋಮವಾರದ ಲಿಸ್ಟು ಅನ್ನುತ್ತಿದ್ದೆವು.

ಈ ಊರಿನ ರಾತ್ರಿ ಹೇಗಿರುತ್ತಿತ್ತು ಎಂದು ಹಿರಿಯ ನರ್ಸ್‌ಗಳು ಹೇಳುತ್ತಿದ್ದರು. 2005ರ ನವೆಂಬರ್‌ವರೆಗೆ ಬ್ರಿಟನ್ನಿನ ಈ ಭಾಗದಲ್ಲಿ ಸಾಮಾನ್ಯ ಪಬ್ ಎಂದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು. ಕ್ಲಬ್ಬುಗಳು ಮಾತ್ರ ಎರಡರವರೆಗೆ. ಅಂದರೆ ಗಂಟೆ ಹೊಡೆದ ಹಾಗೆ ಎಲ್ಲ ಬಾಗಿಲುಗಳಿಂದ ಎಲ್ಲರೂ ಒಟ್ಟಿಗೇ ಬೀದಿಗೆ. ಹೊಟ್ಟೆಯಲ್ಲಿ ಬಿಯರ್, ಜೊತೆಗೆ ಹಸಿವು. ಎಲ್ಲರೂ ಹೋಗುವುದು ಕ್ಯಾರೊಲಿನ್ ಸ್ಟ್ರೀಟ್‌ಗೆ. ಆ ಗಲ್ಲಿಯ ತುಂಬ ಆಲೂ ಚಿಪ್ಸ್, ಕಬಾಬ್ ಅಂಗಡಿಗಳು. ಊರವರ ಬಾಯಲ್ಲಿ ಅದು ಚಿಪ್ಪಿ ಲೇನ್. ತಿಂದಾದ ಮೇಲೆ ಟ್ಯಾಕ್ಸಿ ಕ್ಯೂ. ಚಳಿ, ಮಳೆ, ಮುಕ್ಕಾಲು ಗಂಟೆಯಾದರೂ ಗಾಡಿ ಇಲ್ಲ. ಮಧ್ಯೆ ಒಬ್ಬ ನುಗ್ಗುತ್ತಾನೆ. "ಏನೋ ನೋಡ್ತೀಯಾ?" ಅಷ್ಟೇ, ಇನ್ನೇನೂ ಬೇಕಿಲ್ಲ.

ನಾನು ಕೇಳಿದ ನೂರಾರು ಕಥೆಗಳಲ್ಲಿ ಹಳೇ ದ್ವೇಷ ಇದ್ದದ್ದು ಬಹಳ ಕಡಿಮೆ. ಭುಜ ತಾಗಿತು, ಚಿಪ್ಸ್ ಚೆಲ್ಲಿತು, ಕ್ಯೂ ತಪ್ಪಿಸಿದ. ಒಬ್ಬನಂತೂ ತನಗೆ ಹೊಡೆದವನ ಮುಖವೇ ನೆನಪಿಲ್ಲ ಅಂದ. ಆದರೆ ಯಾವ ಅಂಗಡಿಯ ಮುಂದೆ ಎಂದು ಕೇಳಿದ ಕೂಡಲೇ ಹೇಳಿದ.

ಆ ಪ್ರಶ್ನೆಯನ್ನು ಒಂದು ಪದ್ಧತಿ ಮಾಡಿದವರು ನಮ್ಮದೇ ಕಸುಬಿನವರು. ಪ್ರೊಫೆಸರ್ ಜೊನಾಥನ್ ಶೆಪರ್ಡ್ ಕಾರ್ಡಿಫ್‌ನಲ್ಲಿ ದವಡೆ ಸರ್ಜನ್ ಆಗಿದ್ದರು. ಮುರಿದ ಮುಖಗಳಿಗೆ ಪ್ಲೇಟು, ಸ್ಕ್ರೂ ಹಾಕುತ್ತಲೇ ಅವರು ಒಂದು ಲೆಕ್ಕ ನೋಡಿದರು. ಹೊಡೆತ ತಿಂದು ಆಸ್ಪತ್ರೆಗೆ ಬಂದವರಲ್ಲಿ ಪೊಲೀಸರ ಪುಸ್ತಕದಲ್ಲಿ ಇರುವವರು ಎಷ್ಟು? ಅರ್ಧವೂ ಇರಲಿಲ್ಲ. ಕಾರಣಗಳು ನಮಗೂ ಗೊತ್ತಿರುವವೇ. ಹೊಡೆದವನು ಯಾರೆಂದು ಗೊತ್ತಿಲ್ಲ. ತಾನೂ ಕುಡಿದಿದ್ದೆ, ತಾನೂ ಒಂದು ಬಿಟ್ಟಿದ್ದೆ. ಸ್ಟೇಷನ್‌ಗೆ ಅಲೆಯುವುದು ಯಾರಿಗೆ ಬೇಕು? ಹಾಗಾಗಿ ಪೊಲೀಸರ ನಕಾಶೆಯಲ್ಲಿ ತಣ್ಣಗೆ ಕಾಣುವ ಮೂಲೆ ನಮ್ಮ ವಾರ್ಡಿನಲ್ಲಿ ಪ್ರತಿ ವಾರ ಹೊಲಿಗೆ ಹಾಕಿಸಿಕೊಳ್ಳುತ್ತಿತ್ತು.

1990ರ ದಶಕದ ಕೊನೆಗೆ ಆಸ್ಪತ್ರೆ, ಪೊಲೀಸು, ನಗರಸಭೆ ಮೂರೂ ಒಂದೇ ಮೇಜಿಗೆ ಬಂದವು. ಆಸ್ಪತ್ರೆ ಮಾಡಿದ ಕೆಲಸ ತೀರಾ ಸಣ್ಣದು. ಹೊಡೆತ ತಿಂದು ಬಂದವರಿಗೆ ರಿಸೆಪ್ಶನ್‌ನಲ್ಲೇ ನಾಲ್ಕೈದು ಪ್ರಶ್ನೆ: ಯಾವಾಗ, ಎಲ್ಲಿ, ಯಾವುದರಿಂದ, ಎಷ್ಟು ಜನ. "ಎಲ್ಲಿ" ಎಂದರೆ ಬಡಾವಣೆ ಹೆಸರು ಸಾಲದು. ಯಾವ ಬಾರ್, ಬಾಗಿಲ ಒಳಗೋ ಹೊರಗೋ, ಯಾವ ಅಂಗಡಿ ಮುಂದೆ. ಹೆಸರು, ವಿಳಾಸ ತೆಗೆದುಹಾಕಿ ಆ ಪಟ್ಟಿ ತಿಂಗಳಿಗೊಮ್ಮೆ ಹೋಗುತ್ತದೆ. ಪೊಲೀಸರ ಕಡೆ ಒಬ್ಬರು ಅದನ್ನು ತಮ್ಮ ಲೆಕ್ಕದ ಜೊತೆ ಕೂಡಿಸಿ ನಕಾಶೆ ಮಾಡುತ್ತಾರೆ. ಪ್ರಶ್ನೆ ಕೇಳುವುದು ರಿಸೆಪ್ಶನ್‌ನವರು, ಡಾಕ್ಟರಲ್ಲ. ಇದು ಬಹಳ ಜಾಣತನದ ಏರ್ಪಾಡು. ನಮ್ಮ ಕೈಗೆ ಕೊಟ್ಟಿದ್ದರೆ ಆ ಕಾಲಂ ಖಾಲಿಯೇ ಇರುತ್ತಿತ್ತು.

ನಕಾಶೆ ಕೈಗೆ ಬಂದ ಮೇಲೆ ನಡೆದ ಕೆಲಸಗಳಲ್ಲಿ ವೀರಾವೇಶ ಏನೂ ಇಲ್ಲ. ವಾರಾಂತ್ಯದ ರಾತ್ರಿ ಸೇಂಟ್ ಮೇರಿ ಸ್ಟ್ರೀಟ್‌ಗೆ ವಾಹನ ಬಂದ್. ಫುಟ್‌ಪಾತಿನ ನೂಕುನುಗ್ಗಲು ರಸ್ತೆಯಗಲಕ್ಕೆ ಹರಡಿಕೊಂಡಿತು. ಟ್ಯಾಕ್ಸಿ ಕ್ಯೂ ನೋಡಿಕೊಳ್ಳಲು ಜನ ಬಂದರು. ಪೊಲೀಸರು ಜಗಳ ಆಗುವ ಮೂಲೆಯಲ್ಲಿ, ಆಗುವ ಹೊತ್ತಿಗೆ ಮೊದಲೇ ನಿಂತರು. ಒಂದು ಬಾರಿನ ಲೈಸೆನ್ಸ್ ವಿಚಾರಣೆಗೆ ಬಂದಾಗ ಅಲ್ಲಿಂದ ಎಷ್ಟು ಜನ ಆಸ್ಪತ್ರೆಗೆ ಬಂದಿದ್ದಾರೆ ಎಂಬುದೂ ಮೇಜಿನ ಮೇಲಿರುತ್ತಿತ್ತು. ಬಾರಿನ ಮಾಲೀಕರಿಗೆ ಪೊಲೀಸರಿಗಿಂತ ಈ ಕಾಗದದ ಹೆದರಿಕೆ ಜಾಸ್ತಿ ಎಂದು ನನ್ನ ಗುಮಾನಿ.

ಗಾಜಿನ ಲೋಟದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಒಡೆದ ಗ್ಲಾಸಿನಿಂದ ಮುಖಕ್ಕೆ ಹೊಡೆದರೆ ಆಗುವ ಗಾಯವನ್ನು ಹೊಲಿಯುವುದು ನಮ್ಮ ಕಸುಬಿನಲ್ಲೇ ಕಷ್ಟದ ಕೆಲಸ. ಕೆನ್ನೆಯ ಒಳಗೆ ಮುಖದ ಸ್ನಾಯು ಆಡಿಸುವ ನರ ಇದೆ, ಜೊಲ್ಲಿನ ನಾಳ ಇದೆ. ನರ ತುಂಡಾದರೆ ನಗು ಒಂದು ಕಡೆಗೆ ಜೋತುಬೀಳುತ್ತದೆ. ಮೂಳೆಗೆ ಪ್ಲೇಟು ಹಾಕಿದರೆ ಆರು ವಾರದಲ್ಲಿ ಕೂಡುತ್ತದೆ. ಈ ಗುರುತು ಸಾಯುವವರೆಗೂ ಕನ್ನಡಿಯಲ್ಲಿರುತ್ತದೆ. ಹಾಗಾಗಿ ಕಾರಿನ ಗಾಜಿನ ಹಾಗೆ ಪುಡಿಪುಡಿಯಾಗುವ ಗಟ್ಟಿ ಗಾಜಿನ ಲೋಟ ಕೊಟ್ಟರೆ ಹೇಗೆ ಎಂಬ ಯೋಚನೆ ಬಂತು. ಶೆಪರ್ಡ್ ಮತ್ತು ಅವರ ಜೊತೆಗಾರರು ಬಾರುಗಳನ್ನು ಎರಡು ಗುಂಪು ಮಾಡಿ ಪರೀಕ್ಷೆ ನಡೆಸಿದರು. 2000ದಲ್ಲಿ ಫಲಿತಾಂಶ ಬಂದಾಗ ಲೆಕ್ಕ ತಲೆಕೆಳಗಾಗಿತ್ತು. ಗಟ್ಟಿ ಗಾಜು ಕೊಟ್ಟ ಬಾರುಗಳ ಕೆಲಸಗಾರರಿಗೇ ಗಾಯ ಜಾಸ್ತಿ! ಆ ಲೋಟಗಳು ಹೆಸರಿಗೆ ಗಟ್ಟಿ, ತಾಳಿಕೆಯಲ್ಲಿ ಸಾಮಾನ್ಯ ಗಾಜಿಗಿಂತ ಕಡಿಮೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದು. ತಮ್ಮ ಯೋಚನೆ ಸೋತದ್ದನ್ನು ಅವರು ಮುಚ್ಚಿಡದೆ ಅಚ್ಚು ಹಾಕಿಸಿದರು. ಆಮೇಲೆ ಗಲಾಟೆಯ ಜಾಗಗಳಿಗೆ, ಪಂದ್ಯದ ದಿನಗಳಿಗೆ ಪ್ಲಾಸ್ಟಿಕ್ ಲೋಟ ಬಂತು. ಬಿಯರ್ ರುಚಿ ಕೆಟ್ಟಿತು ಎಂದು ಗೊಣಗುವವರು ಇದ್ದರು. ಗೊಣಗಲಿ ಬಿಡಿ.

ಇದೆಲ್ಲದರಿಂದ ಏನಾದರೂ ಆಯಿತಾ? 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕ ಬಂತು. ಕಾರ್ಡಿಫ್‌ನಂಥದೇ 14 ಊರುಗಳ ಜೊತೆ ಹೋಲಿಸಿದ್ದರು. ಹೊಡೆತ ತಿಂದು ಆಸ್ಪತ್ರೆಗೆ ಸೇರುವವರು ಕಾರ್ಡಿಫ್‌ನಲ್ಲಿ ಲಕ್ಷಕ್ಕೆ ತಿಂಗಳಿಗೆ 7ರಿಂದ 5ಕ್ಕೆ ಇಳಿದಿದ್ದರು. ಉಳಿದ ಊರುಗಳಲ್ಲಿ ಅದೇ ಅವಧಿಗೆ 5ರಿಂದ 8ಕ್ಕೆ ಏರಿದ್ದರು. ಆದರೆ ಪೊಲೀಸರು ಬರೆದುಕೊಂಡ ಚಿಕ್ಕಪುಟ್ಟ ಹೊಡೆದಾಟಗಳು ಕಾರ್ಡಿಫ್‌ನಲ್ಲಿ ಹೆಚ್ಚಾಗಿದ್ದವು. ಮೇಲ್ನೋಟಕ್ಕೆ ಸೋಲಿನ ಹಾಗೆ ಕಾಣುತ್ತದೆ, ಅಲ್ವಾ? ಜಗಳ ದವಡೆ ಮುರಿಯುವವರೆಗೆ ಹೋಗುವ ಮೊದಲೇ ಪೊಲೀಸರು ಅಲ್ಲಿದ್ದರು ಎಂದು ಅದನ್ನು ಓದಬೇಕು. ಶೆಪರ್ಡ್‌ಗೆ 2008ರಲ್ಲೇ ಅಪರಾಧಶಾಸ್ತ್ರದ ಸ್ಟಾಕ್‌ಹೋಮ್ ಪ್ರಶಸ್ತಿ ಬಂದಿತ್ತು. ಈಗ ಅಮೆರಿಕದ ಅಟ್ಲಾಂಟಾದಂಥ ಊರುಗಳಲ್ಲೂ ಈ ಪದ್ಧತಿಗೆ ಕಾರ್ಡಿಫ್ ಮಾಡೆಲ್ ಎಂದೇ ಹೆಸರು.

ಹಾಗಂತ ಕಾರ್ಡಿಫ್ ಸಾಧುಗಳ ಊರಾಗಲಿಲ್ಲ. ದೊಡ್ಡ ಪಂದ್ಯದ ರಾತ್ರಿ ಈಗಲೂ ಬೀದಿ ತುಂಬ ಕುಡಿದವರು. 2012ರಿಂದ ಕುಡಿದು ಬಿದ್ದವರಿಗೆಂದೇ ಪೇಟೆಯಲ್ಲಿ ಒಂದು ಚಿಕಿತ್ಸಾ ಕೇಂದ್ರ ನಡೆಸಿದರು. ಕ್ಯಾಶುವಾಲ್ಟಿಯಲ್ಲಿ ಎದೆನೋವಿನ ಅಜ್ಜಿಯ ಪಕ್ಕ ವಾಂತಿ ಮಾಡುವ ಹುಡುಗ ಮಲಗುವುದು ಅದರಿಂದ ಸ್ವಲ್ಪ ತಪ್ಪಿತು.

ನನಗೆ ಬೇಸರ ತರಿಸುತ್ತಿದ್ದದ್ದು ಇನ್ನೊಂದು ಸಂಗತಿ. ಗಲಾಟೆಯ ನಕಾಶೆ ಬಿಡಿಸಲು ಇಷ್ಟು ಕಲಿತ ಊರು, ಹೊಸ ಪೇಟೆಯ ನಕಾಶೆ ಬಿಡಿಸುವಾಗ ರಾತ್ರಿಯನ್ನು ಮರೆತುಬಿಟ್ಟಿತು. ರೈಲ್ವೆ ಸ್ಟೇಷನ್ ಎದುರಿಗೇ ಬಸ್ ಸ್ಟ್ಯಾಂಡ್ ಇತ್ತು. ಹಳೆಯದು, ಗಲೀಜು, ಆದರೆ ಕುಡಿದವನಿಗೂ ದಾರಿ ಗೊತ್ತಿತ್ತು. ಆ ಜಾಗಕ್ಕೆ ಆಫೀಸುಗಳು, ಬಿಬಿಸಿಯ ಹೊಸ ಕಟ್ಟಡ ಬರಬೇಕೆಂದು 2015ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿದರು. ಹೊಸದು ತೆರೆದದ್ದು 2024ರ ಜೂನ್ ಕೊನೆಗೆ. ಹೆಚ್ಚುಕಡಿಮೆ ಒಂಬತ್ತು ವರ್ಷ ಒಂದು ರಾಜಧಾನಿಗೆ ಬಸ್ ಸ್ಟ್ಯಾಂಡೇ ಇರಲಿಲ್ಲ! ಬಸ್ಸುಗಳು ಸುತ್ತಲಿನ ಬೀದಿಗಳಲ್ಲಿ ಚದುರಿ ನಿಲ್ಲುತ್ತಿದ್ದವು. ನಾನು ಅಲ್ಲಿದ್ದಾಗಲೇ ಮುಚ್ಚಿದ್ದು. ರಾತ್ರಿ ಡ್ಯೂಟಿ ಮುಗಿಸಿ ಬರುವ ನರ್ಸ್‌ಗಳ ಬೈಗುಳ ಇನ್ನೂ ಕಿವಿಯಲ್ಲಿದೆ. ಜನರನ್ನು ಕರೆಸುವ ಕಟ್ಟಡಕ್ಕೆ ಮೊದಲ ಇಟ್ಟಿಗೆ, ಜನ ಮನೆಗೆ ಹೋಗುವ ದಾರಿಗೆ ಕೊನೆಯ ಇಟ್ಟಿಗೆ.

ಇನ್ನು ವುಮನ್‌ಬಿ ಸ್ಟ್ರೀಟ್. ಕೋಟೆಯ ಎದುರಿನ ಈ ಸಂದಿಯಲ್ಲಿ ಹಾಡು ಕೇಳುವ ಸಣ್ಣ ಕ್ಲಬ್ಬುಗಳಿವೆ. 1983ರಲ್ಲಿ ವೆಲ್ಷ್ ಭಾಷೆಯವರು ತಮ್ಮ ಜನಕ್ಕೆಂದು ಶುರುಮಾಡಿದ ಕ್ಲಬ್ ಈವೋರ್ ಬಾಖ್ ಇರುವುದೂ ಇಲ್ಲೇ. ಅಲ್ಲಿ ಮನೆಗಳು, ಹೋಟೆಲು ಕಟ್ಟುವ ಅರ್ಜಿಗಳು ಬಂದಾಗ 2017ರಲ್ಲಿ ಜನ ಬೀದಿಗಿಳಿದರು. ಪೇಟೆಯ ಕಳೆ ನೋಡಿ ಮನೆ ಕೊಳ್ಳುವವರು ನಾಳೆ ಸದ್ದು ಜಾಸ್ತಿ ಎಂದು ದೂರು ಕೊಡುತ್ತಾರೆ, ದೂರಿನಿಂದ ಕ್ಲಬ್ ಮುಚ್ಚುತ್ತದೆ ಎಂಬುದು ಅವರ ಭಯ. ಆಮೇಲೆ ವೇಲ್ಸ್ ಸರ್ಕಾರ ತನ್ನ ಯೋಜನಾ ನೀತಿಯಲ್ಲಿ ಒಂದು ಮಾತು ಸೇರಿಸಿತು: ಸದ್ದಿನ ಪಕ್ಕಕ್ಕೆ ಹೊಸದಾಗಿ ಬರುವವನೇ ತನ್ನ ಗೋಡೆ, ಕಿಟಕಿ ಗಟ್ಟಿ ಮಾಡಿಕೊಳ್ಳಬೇಕು. ಸರಿಯಾದ ನ್ಯಾಯ. ಆದರೂ ಊರಿನ ಇನ್ನೊಂದು ಮೂಲೆಯಲ್ಲಿದ್ದ ಗುಡಿಹೂ ಎಂಬ ಸಣ್ಣ ಬಾರ್ 2019ರ ಜನವರಿಯಲ್ಲಿ ಬಾಗಿಲು ಹಾಕಿತು. ಜಾಗದವರು ಲೀಸ್ ಮುಂದುವರಿಸಲಿಲ್ಲ. ನನ್ನ ಕುರ್ಚಿಗೆ ಬಂದ ದವಡೆಗಳಲ್ಲಿ ಇಂಥ ಹಾಡಿನ ಸಂದಿಗಳಿಂದ ಬಂದವು ನೆನಪಿಗೇ ಬರುವುದಿಲ್ಲ. ಮುಚ್ಚುವ ಸರದಿ ಮಾತ್ರ ಅವಕ್ಕೇ ಮೊದಲು.

ಸಭೆಯಲ್ಲಿ ಕೇಳಿದ ಹಿರಿಯರಿಗೆ ನಾನು ಇಷ್ಟುದ್ದ ಹೇಳಲಿಲ್ಲ. ನಮ್ಮ ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆದಿಡುವ ಪುಸ್ತಕದ, ವಿಷಯ ಹೇಳಿದೆ. ನಮ್ಮಲ್ಲಿ ಹೊಡೆದಾಟದ ಗಾಯ ಎಂದರೆ ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಶೆಪರ್ಡ್‌ಗೆ ಸಿಗದೇ ಇದ್ದ ಪುಸ್ತಕ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದಕ್ಕೇ ಏನೋ, ಇಲ್ಲಿಯವರು ಆ ಪುಸ್ತಕದಿಂದ ತಪ್ಪಿಸಿಕೊಳ್ಳುವುದನ್ನೂ ಕಲಿತಿದ್ದಾರೆ. "ಬೈಕಿಂದ ಬಿದ್ದೆ ಸಾರ್." ಬೈಕಿನಿಂದ ಬಿದ್ದವನ ಮೊಣಕೈ, ಅಂಗೈ ತರಚಿರುತ್ತದೆ. ಇವನ ಅಂಗಿ ಕೂಡ ಮಾಸಿರುವುದಿಲ್ಲ, ಎಡದವಡೆ ಮಾತ್ರ ಮುರಿದಿರುತ್ತದೆ. ಹೆಂಗಸರು ಮೆಟ್ಟಿಲ ಮೇಲೆ ಜಾರಿದೆ ಅನ್ನುತ್ತಾರೆ. ಅದು ಬೇರೆಯೇ ನಕಾಶೆ, ಅದರಲ್ಲಿ ಜಾಗದ ಹೆಸರು ಮನೆ.

ನಿಜ ಹೇಳಿದವರ ಸಾಲಿನಲ್ಲೂ "ಸ್ಥಳ" ಎಂಬಲ್ಲಿ ಬರೆದಿರುವುದು ಬರೀ ಊರಿನ ಹೆಸರು. ಪುಟಗಟ್ಟಲೆ ಹಾಗೇ. ಕೆಲವು ಕಡೆ ನನ್ನದೇ ಅಕ್ಷರ. ಕೌಂಟರಿನ ಹುಡುಗನಿಗೆ ಹೇಳಿದೆ: "ಊರು ಗೊತ್ತೇ ಇದೆ ಮಾರಾಯ, ಯಾವ ಅಂಗಡಿ ಮುಂದೆ ಅಂತ ಕೇಳಿ ಬರಿ." ಅವನು ಎರಡು ತಿಂಗಳಿಂದ ಬರೆಯುತ್ತಿದ್ದಾನೆ. ಸಾಲುಗಳು ಇನ್ನೂ ಕೆಲವೇ. ಆದರೆ ಬಾರಿನ ಹೆಸರಿಗಿಂತ ಅದರಾಚೆಗಿನ ಎಗ್‌ರೈಸ್ ಗಾಡಿಗಳ ಹೆಸರು, ಆಟೋ ಸ್ಟ್ಯಾಂಡಿನ ಹೆಸರು ಮತ್ತೆ ಮತ್ತೆ ಬರುತ್ತಿವೆ. ಹೊಳೆ ದಂಡೆಯ ಹೊಸ ಪ್ಲಾನ್ ಹಾಕಿರುವ ಇಂಜಿನಿಯರ್ ಮುಂದಿನ ವಾರ ಸಿಗುತ್ತಾರಂತೆ. ಅವರ ಡ್ರಾಯಿಂಗಿನಲ್ಲಿ ಆಟೋ ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಕು.